ತಲೆಬರಹದ ಬಾಲ

ಕನ್ನಡ ದಿನಪತ್ರಿಕೆಯ ರಾತ್ರಿ ಪಾಳಿಯಲ್ಲಿ ಕೂರುವವನಿಗೆ ಯುದ್ಧ ಎಂದರೆ ಮೊದಲು ಎದುರಾಗುವುದು ಜಾಗದ ಸಮಸ್ಯೆ. ಕೇಳಿದರೆ ನಗು ಬರಬಹುದು, ಆದರೆ ನಿಜ. ‘ಹೊಡೆದುರುಳಿಸಲಾಗಿದೆ’ ಎಂಬ ಒಂದೇ ಪದ ಎರಡು ಕಾಲಂ ನುಂಗಿಬಿಡುತ್ತದೆ. ಜಾಗ ಸಾಲದಾಗ ಏನನ್ನಾದರೂ ಕತ್ತರಿಸಬೇಕು. ಕತ್ತರಿಗೆ ಮೊದಲು ಸಿಗುವುದು ತಲೆಬರಹದ ಬಾಲ, ಅಂದರೆ ಕೋಲನ್ ಆದ ಮೇಲೆ ಬರುವ ‘ಮೂಲಗಳು’, ‘ಸೇನೆ’, ‘ಪಾಕ್ ವಾದ’ ಎಂಬಂಥ ಪುಟ್ಟ ಪದ. ಅದನ್ನು ಎಷ್ಟು ಸಲ ಕತ್ತರಿಸಿದ್ದೇನೋ ಲೆಕ್ಕವಿಲ್ಲ. ಒಂದು ಸಲದ್ದು ಮಾತ್ರ ಮರೆತಿಲ್ಲ.

2019ರ ಫೆಬ್ರುವರಿ 26. ಪುಲ್ವಾಮಾದಲ್ಲಿ ಸಿಆರ್‌ಪಿಎಫ್‌ನ 40 ಯೋಧರು ಪ್ರಾಣ ಕಳೆದುಕೊಂಡು ಹನ್ನೆರಡು ದಿನವಾಗಿತ್ತು. ನಸುಕಿನಲ್ಲಿ ವಾಯುಪಡೆಯ ಮಿರಾಜ್ 2000 ವಿಮಾನಗಳು ಪಾಕಿಸ್ತಾನದ ಬಾಲಾಕೋಟ್‌ನ ಜೈಷ್ ಎ ಮೊಹಮ್ಮದ್ ಶಿಬಿರದ ಮೇಲೆ ಬಾಂಬ್ ಹಾಕಿ ಬಂದಿದ್ದವು. ಬೆಳಿಗ್ಗೆ ವಿದೇಶಾಂಗ ಕಾರ್ಯದರ್ಶಿ ವಿಜಯ್ ಗೋಖಲೆ ಓದಿದ ಹೇಳಿಕೆಯಲ್ಲಿ ‘ಬಹು ದೊಡ್ಡ ಸಂಖ್ಯೆಯ’ ಉಗ್ರರು ಸತ್ತಿದ್ದಾರೆ ಎಂದಿತ್ತು. ಎಷ್ಟು ಎಂದು ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಟಿ.ವಿ.ಗಳಲ್ಲಿ 300 ಓಡಾಡುತ್ತಿತ್ತು, ಸಂಜೆಗೆ 350. ಎಲ್ಲಕ್ಕೂ ‘ಮೂಲಗಳು’ ಎಂಬ ಒಂದೇ ತಾಯಿಬೇರು. ರಾತ್ರಿ ನಾನು ಬರೆದ ತಲೆಬರಹ ‘300 ಉಗ್ರರ ಹತ್ಯೆ: ಮೂಲಗಳು’. ಪುಟ ಕಟ್ಟುವವರು ಬಾಲ ಹೊರಗೆ ಚಾಚುತ್ತಿದೆ ಎಂದರು. ತೆಗೆಯಿರಿ ಎಂದೆ. ಅಷ್ಟೇ. ಯಾರೂ ಒತ್ತಾಯಿಸಲಿಲ್ಲ, ಯಾರೂ ಫೋನ್ ಮಾಡಿ ಹೀಗೆ ಬರೆಯಿರಿ ಎನ್ನಲಿಲ್ಲ. ಮಾಧ್ಯಮದ ಪಕ್ಷಪಾತ ಎಂದರೆ ಮೇಲಿನಿಂದ ಆದೇಶ ಬರುತ್ತದೆ ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ನನ್ನ ಮೇಜಿನಲ್ಲಿ ಅದು ಬಂದದ್ದು ಅರ್ಧ ಅಂಗುಲ ಜಾಗದ ಕೊರತೆಯ ರೂಪದಲ್ಲಿ. ಅರ್ಧ ಅಂಗುಲವನ್ನು ಬೇರೆಲ್ಲಾದರೂ ಹುಡುಕಬಹುದಿತ್ತು ಎಂಬುದೂ ಸತ್ಯ. ಆ ರಾತ್ರಿ ನನಗೂ 300 ಎಂದು ನಂಬುವುದೇ ಬೇಕಾಗಿತ್ತು.

ಮಾರ್ಚ್ 4ರಂದು ಕೊಯಮತ್ತೂರಿನಲ್ಲಿ ಆಗಿನ ವಾಯುಪಡೆ ಮುಖ್ಯಸ್ಥ ಬಿ.ಎಸ್. ಧನೋವಾ, ಎಷ್ಟು ಮಂದಿ ಸತ್ತರು ಎಂದು ವಾಯುಪಡೆ ಎಣಿಸುವುದಿಲ್ಲ, ಗುರಿಗೆ ಬಡಿಯಿತೇ ಇಲ್ಲವೇ ಎಂದಷ್ಟೇ ನೋಡುತ್ತದೆ ಎಂದರು. ಬಾಂಬ್ ಹಾಕಿದವರೇ ಎಣಿಸದಿದ್ದುದನ್ನು ನಾವು ಬೆಂಗಳೂರಿನಲ್ಲಿ ಕುಳಿತು ಎಣಿಸಿ ಮುಗಿಸಿದ್ದೆವು.

ಆಚೆಯವರದ್ದು ಬೇರೆ ಬಗೆಯ ಆಟ. ಬಾಂಬ್ ಬಿದ್ದದ್ದು ಬರೀ ಮರಗಳ ಮೇಲೆ ಎಂದು ಸುದ್ದಿಗಾರರಿಗೆ ಕಾಡು ತೋರಿಸಿದ ಪಾಕಿಸ್ತಾನ ಸೇನೆ, ಗುಡ್ಡದ ಮೇಲಿದ್ದ ಮದರಸಾದ ಹತ್ತಿರ ವಿದೇಶಿ ಪತ್ರಕರ್ತರನ್ನು ಬಿಟ್ಟುಕೊಂಡದ್ದು ಸುಮಾರು ಒಂದೂವರೆ ತಿಂಗಳ ನಂತರ. ದಾಳಿಯ ಮರುದಿನ ನಡೆದ ವಿಮಾನ ಕಾಳಗದ ಬೆನ್ನಿಗೆ ಅವರ ಸೇನಾ ವಕ್ತಾರ ಆಸಿಫ್ ಗಫೂರ್, ಇಬ್ಬರು ಭಾರತೀಯ ಪೈಲಟ್‌ಗಳು ನಮ್ಮ ವಶದಲ್ಲಿದ್ದಾರೆ, ಒಬ್ಬ ಆಸ್ಪತ್ರೆಯಲ್ಲಿದ್ದಾನೆ ಎಂದರು. ಸಂಜೆಗೆ ಇಬ್ಬರು ಒಬ್ಬರಾದರು: ಅಭಿನಂದನ್ ವರ್ಧಮಾನ್. ಹಾಗಾದರೆ ಎರಡನೆಯವನು ಯಾರು? ನಮ್ಮ ಕಡೆ ಅದಕ್ಕೆ ಉತ್ತರ ಸಿದ್ಧವಾಗಿತ್ತು: ಉರುಳಿದ ಎಫ್-16 ಯುದ್ಧವಿಮಾನದ ಪಾಕಿಸ್ತಾನಿ ಪೈಲಟ್. ಏಪ್ರಿಲ್‌ನಲ್ಲಿ ಅಮೆರಿಕದ ನಿಯತಕಾಲಿಕವೊಂದು, ಎಣಿಕೆಯಲ್ಲಿ ಪಾಕಿಸ್ತಾನದ ಯಾವ ಎಫ್-16 ಕೂಡ ಕಡಿಮೆಯಾಗಿಲ್ಲ ಎಂದು ಅಮೆರಿಕದ ಅಧಿಕಾರಿಗಳನ್ನು ಉಲ್ಲೇಖಿಸಿ ಬರೆಯಿತು. ನಮ್ಮ ವಾಯುಪಡೆ ರೇಡಾರ್ ಚಿತ್ರಗಳನ್ನು ಮುಂದಿಟ್ಟು ತನ್ನ ಮಾತಿಗೆ ಅಂಟಿಕೊಂಡಿತು. ಒಬ್ಬ ವಕ್ತಾರನ ಎರಡು ಹೇಳಿಕೆಗಳ ನಡುವಿನ ಬಿರುಕಿನಲ್ಲಿ ಎರಡೂ ದೇಶಗಳು ತಮಗೆ ಬೇಕಾದ ಬೆಳೆ ತೆಗೆದವು.

ಅದೇ ಫೆಬ್ರುವರಿ 27ರಂದು ನಡೆದ ಇನ್ನೊಂದು ಘಟನೆ ನನ್ನನ್ನು ಹೆಚ್ಚು ಚುಚ್ಚುತ್ತದೆ. ಶ್ರೀನಗರದ ಪಕ್ಕದ ಬಡ್ಗಾಮ್‌ನಲ್ಲಿ ಮಿ-17 ಹೆಲಿಕಾಪ್ಟರ್ ಬಿದ್ದು ವಾಯುಪಡೆಯ ಆರು ಮಂದಿ ಮತ್ತು ನೆಲದ ಮೇಲಿದ್ದ ಒಬ್ಬ ನಾಗರಿಕ ಸತ್ತರು. ಮೊದಲ ವರದಿಗಳು ತಾಂತ್ರಿಕ ದೋಷದ ಮಾತಾಡಿದವು. ನಾನು ಅದನ್ನು ಒಳಪುಟದಲ್ಲಿ ಒಂದು ಕಾಲಂ ಮಾಡಿದೆ. ಮುಖಪುಟದಲ್ಲಿ ಅಭಿನಂದನ್ ಅವರ ಮೀಸೆ ಇತ್ತು, ಆರು ಹೆಣಗಳಿಗೆ ಜಾಗವೆಲ್ಲಿ? ಅಕ್ಟೋಬರ್ 4ರಂದು ಹೊಸ ಮುಖ್ಯಸ್ಥ ಆರ್.ಕೆ.ಎಸ್. ಭದೌರಿಯಾ, ಅದು ನಮ್ಮದೇ ಕ್ಷಿಪಣಿ, ನಮ್ಮದು ದೊಡ್ಡ ತಪ್ಪು ಎಂದು ಒಪ್ಪಿಕೊಂಡರು. ಆ ರಾತ್ರಿಯೂ ಪಾಳಿ ನನ್ನದೇ. ಅದು ಮತ್ತೆ ಒಳಪುಟಕ್ಕೇ ಹೋಯಿತು. ಸೇನೆ ತನ್ನ ತಪ್ಪನ್ನು ಬಾಯಿಬಿಟ್ಟು ಹೇಳಿತು. ತಾಂತ್ರಿಕ ದೋಷ ಎಂದು ಅಚ್ಚು ಹಾಕಿದ ನಾವು ತಿದ್ದುಪಡಿ ಕೂಡ ಹಾಕಲಿಲ್ಲ.

ಅಲ್ಲಿಂದ ನಾನು ಕ್ರಿಯಾಪದಗಳನ್ನು ಗಮನಿಸತೊಡಗಿದೆ. ಹಳೆಯ ಸಂಚಿಕೆಗಳನ್ನು ತೆಗೆದು ನನ್ನದೇ ಪುಟಗಳನ್ನು ಓದಿದೆ. ಒಳ್ಳೆಯ ಅಭ್ಯಾಸ, ಆದರೆ ರಾತ್ರಿ ಊಟಕ್ಕೆ ಮುಂಚೆ ಮಾಡಬಾರದು. ಭಾರತ ‘ತಿಳಿಸಿದೆ’, ‘ಸ್ಪಷ್ಟಪಡಿಸಿದೆ’. ಪಾಕಿಸ್ತಾನ ‘ಹೇಳಿಕೊಂಡಿದೆ’, ‘ಬಡಬಡಿಸಿದೆ’, ‘ಕ್ಯಾತೆ ತೆಗೆದಿದೆ’. ಕನ್ನಡದಲ್ಲಿ ಕ್ರಿಯಾಪದಕ್ಕೆ ‘ಕೊಂಡು’ ಸೇರಿಸಿದರೆ ಸಾಕು, ಮಾತಿನ ಅರ್ಧ ನಂಬಿಕೆ ಹೊರಟುಹೋಗುತ್ತದೆ. ಹೇಳಿದ ಎಂದರೆ ಹೇಳಿದ. ಹೇಳಿಕೊಂಡ ಎಂದರೆ ಯಾರೂ ನಂಬದಿದ್ದರೂ ತಾನೇ ಹೇಳಿಕೊಂಡ. ಓದುಗನಿಗೆ ಇದು ಗೊತ್ತಾಗುವುದೇ ಇಲ್ಲ, ಬರೆಯುವವನಿಗೂ ಬಹಳ ಸಲ ಗೊತ್ತಾಗುವುದಿಲ್ಲ. ‘ಪಾಪಿ ಪಾಕ್’ ಎಂಬ ಪ್ರಾಸವನ್ನಾದರೂ ಯಾರಾದರೂ ಬೆರಳು ತೋರಿಸಿ ಬೈಯಬಹುದು. ‘ಹೇಳಿಕೊಂಡಿದೆ’ಯನ್ನು ಬೈಯುವವರು ಯಾರು?

ಅದಕ್ಕಿಂತ ಮೋಸದ್ದು ‘ಎನ್ನಲಾಗಿದೆ’. ಯಾರು ಎಂದರು? ಕರ್ತೃವೇ ಇಲ್ಲ. ಪಿಟಿಐ ಸುದ್ದಿಸಂಸ್ಥೆಯ ಕಾಪಿಯಲ್ಲಿ ಒಬ್ಬ ಅಧಿಕಾರಿ ಇರುತ್ತಾನೆ, ಹುದ್ದೆ ಇರುತ್ತದೆ, ಹೆಸರು ಹೇಳಲಿಚ್ಛಿಸಲಿಲ್ಲ ಎಂಬ ಸಾಲಿರುತ್ತದೆ. ಕನ್ನಡಕ್ಕೆ ಬರುವಷ್ಟರಲ್ಲಿ ಇಷ್ಟೂ ಕರಗಿ ‘ಎನ್ನಲಾಗಿದೆ’ ಉಳಿಯುತ್ತದೆ. ಟಿ.ವಿ. ಪರದೆಯ ಕೆಳಗೆ ಓಡುವ ಪಟ್ಟಿಯಲ್ಲಿ ಅದೂ ಇರುವುದಿಲ್ಲ.

2025ರ ಮೇ 8ರ ರಾತ್ರಿಗೆ ನಾನು ಪಾಳಿಯ ಮುಖ್ಯಸ್ಥನಾಗಿದ್ದೆ. ಪಹಲ್ಗಾಮ್‌ನಲ್ಲಿ 26 ಮಂದಿಯನ್ನು ಕೊಂದದ್ದಕ್ಕೆ ಉತ್ತರವಾಗಿ ಹಿಂದಿನ ದಿನ ಭಾರತ ಗಡಿಯಾಚೆಯ ಒಂಬತ್ತು ಉಗ್ರರ ನೆಲೆಗಳ ಮೇಲೆ ದಾಳಿ ಮಾಡಿತ್ತು. ಸೇನಾ ಕಾರ್ಯಾಚರಣೆಯ ನೇರಪ್ರಸಾರ ಮಾಡಬಾರದು, ನೇಮಿತ ಅಧಿಕಾರಿಯ ಆಗಾಗಿನ ವಿವರಣೆಯನ್ನಷ್ಟೇ ಕೊಡಬೇಕು ಎಂದು ವಾರ್ತಾ ಮತ್ತು ಪ್ರಸಾರ ಸಚಿವಾಲಯ ಏಪ್ರಿಲ್ 26ರಂದೇ ಸೂಚಿಸಿತ್ತು. ಸರಿಯಾದ ಸೂಚನೆಯೇ. ಆದರೆ ಒಂದು ವಿವರಣೆಗೂ ಇನ್ನೊಂದಕ್ಕೂ ನಡುವೆ ಹತ್ತು–ಹನ್ನೆರಡು ಗಂಟೆ ಖಾಲಿ ಇರುತ್ತದೆ, ಚಾನೆಲ್‌ಗೆ ಒಂದು ನಿಮಿಷ ಖಾಲಿ ಇರುವ ಸ್ವಾತಂತ್ರ್ಯವೂ ಇಲ್ಲ. ಆ ರಾತ್ರಿ ಹನ್ನೊಂದರ ಹೊತ್ತಿಗೆ ನಮ್ಮ ಸುದ್ದಿಮನೆಯ ಟಿ.ವಿ.ಗಳಲ್ಲಿ ಕರಾಚಿ ಬಂದರು ಉರಿಯುತ್ತಿತ್ತು, ಇಸ್ಲಾಮಾಬಾದ್ ಕೈಗೆ ಬಂದಿತ್ತು, ಪಾಕ್ ಸೇನಾ ಮುಖ್ಯಸ್ಥ ಅಸೀಂ ಮುನೀರ್ ಬಂಧನವಾಗಿತ್ತು. ಆ ಗದ್ದಲದಲ್ಲಿ ಕರಾಚಿ ಬಂದರಿನದೇ ಎಕ್ಸ್ ಖಾತೆಯಲ್ಲಿ ಭಾರಿ ಹಾನಿಯಾಗಿದೆ ಎಂಬ ಸಂದೇಶವೂ ಬಂತು. ಖಾತೆ ಹ್ಯಾಕ್ ಆಗಿತ್ತು ಎಂಬ ಸ್ಪಷ್ಟನೆ ಅದರ ಬೆನ್ನಿಗೆ.

ಕಿರಿಯ ಉಪಸಂಪಾದಕಿಯೊಬ್ಬರು ಓಡಿ ಬಂದರು. “ಸರ್, ಎಲ್ಲ ಚಾನೆಲ್‌ಗಳಲ್ಲೂ ಬರುತ್ತಿದೆ. ನಗರ ಆವೃತ್ತಿಗೆ ಇನ್ನೂ ಸಮಯ ಇದೆ.”

“ಎಲ್ಲರಿಗೂ ಹೇಳಿದವರು ಯಾರು?”

ಅವರು ಕುಳಿತು ಹುಡುಕಿದರು. ಒಂದು ಚಾನೆಲ್ ಇನ್ನೊಂದನ್ನು ನೋಡಿ ಹೇಳಿತ್ತು, ಅದು ಎಕ್ಸ್‌ನಲ್ಲಿ ಯಾರದೋ ಬರಹವನ್ನು ನೋಡಿ ಹೇಳಿತ್ತು, ಆ ಬರಹ ಚಾನೆಲ್ಲನ್ನೇ ಉಲ್ಲೇಖಿಸಿತ್ತು. ಬಾವಿಗೆ ಹಗ್ಗ ಇಳಿಸುತ್ತಲೇ ಹೋದೆವು, ನೀರು ಸಿಗಲಿಲ್ಲ. ಜಮ್ಮು, ಪಠಾಣ್‌ಕೋಟ್, ಉಧಮ್‌ಪುರದ ಸೇನಾ ನೆಲೆಗಳತ್ತ ಬಂದ ಡ್ರೋನ್ ಮತ್ತು ಕ್ಷಿಪಣಿಗಳನ್ನು ತಡೆಯಲಾಗಿದೆ ಎಂಬ ಅಧಿಕೃತ ಹೇಳಿಕೆ ಮಾತ್ರ ಕೈಯಲ್ಲಿತ್ತು. ಅದನ್ನೇ ಮುಖ್ಯ ಸುದ್ದಿ ಮಾಡಿದೆವು. ಬೆಳಿಗ್ಗೆ ಪ್ರಸರಣ ವಿಭಾಗದಿಂದ ಫೋನ್ ಬಂತು: ನಮ್ಮ ಮುಖಪುಟ ಸಪ್ಪೆಯಂತೆ. ಮೇ 11ರಂದು ನೌಕಾಪಡೆಯ ವೈಸ್ ಅಡ್ಮಿರಲ್ ಎ.ಎನ್. ಪ್ರಮೋದ್, ಕರಾಚಿಯೂ ಸೇರಿದಂತೆ ಆಯ್ದ ಗುರಿಗಳನ್ನು ಬೇಕೆಂದಾಗ ಹೊಡೆಯಲು ಸಜ್ಜಾಗಿದ್ದೆವು ಎಂದರು. ಸಜ್ಜಾಗಿದ್ದೆವು ಎಂದರೆ ಹೊಡೆದಿರಲಿಲ್ಲ. ಪ್ರಸರಣದವರಿಗೆ ಆ ಸಾಲನ್ನು ಕಳುಹಿಸಬೇಕೆನಿಸಿತು, ಕಳುಹಿಸಲಿಲ್ಲ.

ಪಾಕಿಸ್ತಾನದ ಸುದ್ದಿಮನೆಗಳಲ್ಲಿ ಅದೇ ದಿನಗಳಲ್ಲಿ ಭಾರತದ ಮಹಿಳಾ ಪೈಲಟ್ ಸೆರೆಯಾಗಿದ್ದರು, ನಮ್ಮ ಆದಂಪುರ ವಾಯುನೆಲೆಯ ಎಸ್-400 ವಾಯುರಕ್ಷಣಾ ವ್ಯವಸ್ಥೆ ಧ್ವಂಸವಾಗಿತ್ತು. ಪ್ರಧಾನಿ ಮೋದಿ ಮೇ 13ರಂದು ಆದಂಪುರಕ್ಕೆ ಹೋಗಿ ಅದರ ಮುಂದೆಯೇ ನಿಂತು ಮಾತಾಡಿದರು. ಪಾಕಿಸ್ತಾನದ ಉಪಪ್ರಧಾನಿ ಇಸ್ಹಾಕ್ ದಾರ್, ಬ್ರಿಟನ್‌ನ ಡೇಲಿ ಟೆಲಿಗ್ರಾಫ್ ತಮ್ಮ ವಾಯುಪಡೆಯನ್ನು ಆಕಾಶದ ರಾಜ ಎಂದಿದೆ ಎಂದು ಸೆನೆಟ್‌ನಲ್ಲೇ ಹೇಳಿದರು. ಆ ಪತ್ರಿಕೆಯದೆಂದು ಹರಿದಾಡಿದ್ದ ಮುಖಪುಟವೇ ನಕಲಿ. ಅದನ್ನು ಬಯಲು ಮಾಡಿದ್ದು ಅವರದೇ ಡಾನ್ ಪತ್ರಿಕೆ. ಆ ಸುದ್ದಿ ಓದಿ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಆರ್ಮಾ 3 ಎಂಬ ವಿಡಿಯೊ ಗೇಮ್‌ನ ತುಣುಕುಗಳಂತೂ ಎರಡೂ ಕಡೆಗೆ ನಿಷ್ಪಕ್ಷಪಾತವಾಗಿ ಸೇವೆ ಸಲ್ಲಿಸಿದವು.

ದೂರದ ಸುಳ್ಳಿಗೂ ಹತ್ತಿರದ ಸುಳ್ಳಿಗೂ ಇರುವ ವ್ಯತ್ಯಾಸ ಆ ವಾರವೇ ಅರ್ಥವಾಯಿತು. ಕಾರ್ಯಾಚರಣೆಯ ವಿವರಣೆ ಕೊಡುತ್ತಿದ್ದ ಸೇನಾಧಿಕಾರಿ ಕರ್ನಲ್ ಸೋಫಿಯಾ ಖುರೇಷಿ ಅವರ ಗಂಡನ ಮನೆ ಇರುವುದು ಗೋಕಾಕ ತಾಲ್ಲೂಕಿನ ಕೊಣ್ಣೂರಿನಲ್ಲಿ. ಬೆಳಗಾವಿಯಲ್ಲಿ ಆ ಮನೆಯ ಮೇಲೆ ದಾಳಿಯಾಗಿದೆ ಎಂಬ ಬರಹ ಎಕ್ಸ್‌ನಲ್ಲಿ ಹರಿದಾಡಿತು. ಗೋಕಾಕದ ವರದಿಗಾರರಿಗೆ ಫೋನ್ ಮಾಡಿದೆವು. ಸ್ವಲ್ಪ ಹೊತ್ತಿಗೆ, ಏನೂ ಆಗಿಲ್ಲ ಎಂದರು. ಪೊಲೀಸರೂ ಸುಳ್ಳೆಂದರು. ಸುದ್ದಿ ಅಲ್ಲಿಗೆ ಮುಗಿಯಿತು. ಕರಾಚಿಯಲ್ಲಿ ನಮಗೆ ಅಂಥ ಒಬ್ಬ ವರದಿಗಾರ ಇಲ್ಲ, ಕರಾಚಿಯವರಿಗೆ ಬೆಂಗಳೂರಿನಲ್ಲೂ ಇಲ್ಲ. ಒಬ್ಬರ ಊರಿನಲ್ಲಿ ಇನ್ನೊಬ್ಬರ ಕಣ್ಣು ಇಲ್ಲದ ಎರಡು ದೇಶಗಳು ಪರಸ್ಪರರ ಬಗ್ಗೆ ಇಡೀ ರಾತ್ರಿ ಮಾತಾಡುತ್ತವೆ.

ಪೂಂಛ್‌ನ ಶಿಕ್ಷಕರ ವಿಷಯ ಬರೆಯದೆ ಇರಲಾರೆ. ಮೇ 7ರಂದು ಪಾಕಿಸ್ತಾನದ ಶೆಲ್ ದಾಳಿಯಲ್ಲಿ ಸತ್ತ, ಮದರಸಾದಲ್ಲಿ ಪಾಠ ಹೇಳುತ್ತಿದ್ದ ಭಾರತೀಯ ನಾಗರಿಕ. ಕೆಲವು ಟಿ.ವಿ. ಚಾನೆಲ್‌ಗಳು ಅವರ ಫೋಟೊ ಹಾಕಿ, ನಮ್ಮ ಸೇನೆ ಕೊಂದ ಉಗ್ರ ಎಂದವು. ಅವರಿಗೂ ಭಯೋತ್ಪಾದನೆಗೂ ಸಂಬಂಧವಿಲ್ಲ ಎಂದು ಪೂಂಛ್ ಪೊಲೀಸರೇ ಹೇಳಬೇಕಾಯಿತು. ಶವ ಮನೆಯಲ್ಲಿರುವಾಗ ಆ ಮನೆಯವರು ಟಿ.ವಿ. ನೋಡಿದರೇ ಎಂದು ನನಗೆ ಈಗಲೂ ಅನಿಸುತ್ತದೆ. ಗಡ್ಡ, ಟೋಪಿ, ‘ಎನ್ನಲಾಗಿದೆ’: ಒಬ್ಬ ಮೇಷ್ಟರನ್ನು ಉಗ್ರನನ್ನಾಗಿಸಲು ಇಷ್ಟು ಸಾಮಗ್ರಿ ಸಾಕಾಯಿತು.

ಮೇ 31ರಂದು ಸಿಂಗಪುರದಲ್ಲಿ ರಕ್ಷಣಾ ಪಡೆಗಳ ಮುಖ್ಯಸ್ಥ ಅನಿಲ್ ಚೌಹಾಣ್, ನಾವೂ ವಿಮಾನ ಕಳೆದುಕೊಂಡಿದ್ದೇವೆ, ಆದರೆ ಆರು ಎಂಬ ಪಾಕಿಸ್ತಾನದ ಲೆಕ್ಕ ತಪ್ಪು ಎಂದರು. ಕಾರ್ಯಾಚರಣೆಯ ಶೇ 15ರಷ್ಟು ಸಮಯ ಸುಳ್ಳು ಕಥನಗಳನ್ನು ಎದುರಿಸುವುದಕ್ಕೇ ಹೋಯಿತು ಎಂದೂ ಹೇಳಿದರು. ಅದಕ್ಕೂ ಮುಂಚಿನ ಮೂರು ವಾರ, ನಮ್ಮ ಕಡೆ ನಷ್ಟವೇನಾದರೂ ಆಯಿತೇ ಎಂದು ಕೇಳಿದವರು ನಮ್ಮ ಸುದ್ದಿಮನೆಯಲ್ಲೇ ದೇಶದ್ರೋಹಿಗಳಾಗಿದ್ದರು.

ಆಗಸ್ಟ್ 9ರಂದು ವಾಯುಪಡೆ ಮುಖ್ಯಸ್ಥ ಎ.ಪಿ. ಸಿಂಗ್ ಬೆಂಗಳೂರಿನ ಉಪನ್ಯಾಸದಲ್ಲಿ, ಪಾಕಿಸ್ತಾನದ ಐದು ಯುದ್ಧವಿಮಾನ ಮತ್ತು ಒಂದು ದೊಡ್ಡ ವಿಮಾನವನ್ನು ಉರುಳಿಸಿದ್ದೆವು, ದೊಡ್ಡದನ್ನು ಸುಮಾರು 300 ಕಿ.ಮೀ. ದೂರದಿಂದ ಹೊಡೆದೆವು ಎಂದರು. ಪಾಕಿಸ್ತಾನದ ರಕ್ಷಣಾ ಸಚಿವ ಖವಾಜಾ ಆಸಿಫ್ ಅಲ್ಲಗಳೆದರು. ಅದೇ ಉಪಸಂಪಾದಕಿ ಕಾಪಿ ತಿದ್ದಿದ್ದರು. ಸಿಂಗ್ ‘ಹೇಳಿದ್ದಾರೆ’, ಆಸಿಫ್ ‘ಹೇಳಿದ್ದಾರೆ’. ತಲೆಬರಹ: ‘ಪಾಕ್‌ನ 6 ವಿಮಾನ ಉರುಳಿಸಿದ್ದೆವು: ವಾಯುಪಡೆ ಮುಖ್ಯಸ್ಥ’.

ಪುಟ ಕಟ್ಟುವವರು ಕೂಗಿದರು, “ಸರ್, ಬಾಲ ಹಿಡಿಸುವುದಿಲ್ಲ.”

“ಅಕ್ಷರ ನಾಲ್ಕು ಪಾಯಿಂಟ್ ಇಳಿಸಿ” ಎಂದು ಆಕೆಯೇ ಉತ್ತರ ಕೊಟ್ಟರು. ನಾನು ಚಹಾ ಕುಡಿಯುತ್ತಿದ್ದೆ, ಏಳಬೇಕಾಗಲಿಲ್ಲ.