ಕಾಂಬ್ಯಾಟ್ ವಿಮಾನಕ್ಕೆ ಎಷ್ಟು ‘ಸಿ’ ಬ್ಯಾಟರಿ ಬೇಕು?

ನಾವು ರಿಮೋಟ್ ವಿಮಾನಗಳ ಕಾಂಬ್ಯಾಟ್ ಆಡುವ ಮೈದಾನಕ್ಕೆ ಭಾನುವಾರ ಹೊಸಬರು ಯಾರೇ ಬರಲಿ, ಮೊದಲು ಕೇಳುವುದು ಇದನ್ನೇ. “ಸರ್, ಎಷ್ಟು ಸಿ ತಗೋಬೇಕು?” ಅದರ ಹಿಂದೆಯೇ ಇನ್ನೊಂದು, “ಬೇಗ ಚಾರ್ಜ್ ಮಾಡೋದು ಹೇಗೆ?” ಪ್ರತಿ ಸಲ ಗಂಟಲು ಒಣಗಿಸಿಕೊಳ್ಳುವ ಬದಲು ಬರೆದಿಡುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಹೇಳುವುದಾದರೆ, ಕಾಂಬ್ಯಾಟ್ ಅಂದರೆ ಹೆಚ್ಚುಕಡಿಮೆ ಗಾಳಿಪಟ ಕತ್ತರಿಸುವ ಆಟವೇ. ಪ್ರತಿ ಫೋಮ್ ವಿಮಾನದ ಬಾಲಕ್ಕೂ ಉದ್ದನೆಯ ರಿಬ್ಬನ್ ಕಟ್ಟಿರುತ್ತೇವೆ, ಎದುರಾಳಿಯ ರಿಬ್ಬನ್ ಕತ್ತರಿಸಬೇಕು. ಮಾಂಜಾ ಇಲ್ಲ, ಅಷ್ಟೇ. ಥ್ರಾಟಲ್ ಬಹುಪಾಲು ಫುಲ್, ಜೊತೆಗೆ ಡಿಕ್ಕಿಗಳು. ಬ್ಯಾಟರಿಗೆ ಇದಕ್ಕಿಂತ ಕೆಟ್ಟ ಕೆಲಸ ಬೇರೆ ಇಲ್ಲ.

ಈಗ ‘ಸಿ’ ವಿಷಯ. ನಾವು ಬಳಸುವ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಪ್ಯಾಕ್ ತನ್ನ ಸಾಮರ್ಥ್ಯದ ಎಷ್ಟು ಪಟ್ಟು ಕರೆಂಟ್ ಕೊಡಬಲ್ಲದು ಅನ್ನುವ ಲೆಕ್ಕ ಅದು. 2200 ಎಂಎಎಚ್, ಅಂದರೆ 2.2 ಆಂಪ್-ಅವರ್ ಪ್ಯಾಕ್ ಮೇಲೆ 60ಸಿ ಅಂತ ಬರೆದಿದ್ದರೆ 2.2ನ್ನು 60ರಿಂದ ಗುಣಿಸಿ, 132 ಆಂಪ್. ಅಷ್ಟನ್ನು ಅದರ ಎಕ್ಸ್‌ಟಿ60 ಕನೆಕ್ಟರೇ ಸತತವಾಗಿ ತಡೆಯಲ್ಲ! ಹಾಗಾಗಿ ಸ್ಟಿಕ್ಕರ್ ನಂಬಬೇಡಿ. ನಿಮ್ಮ ಮೋಟಾರು, ಪ್ರೊಪೆಲ್ಲರ್ ಫುಲ್ ಥ್ರಾಟಲ್‌ನಲ್ಲಿ ಎಷ್ಟು ಎಳೆಯುತ್ತವೆ ಅಂತ ವ್ಯಾಟ್ ಮೀಟರ್ ಹಾಕಿ ನೋಡಿ. 30 ಆಂಪ್ ಬಂತು ಅನ್ನಿ, 2200ರ ಪ್ಯಾಕಿಗೆ ಅದು 14ಸಿಯೂ ಆಗಲ್ಲ.

ನಾನು ನೋಡುವುದು ಇಂಟರ್ನಲ್ ರೆಸಿಸ್ಟೆನ್ಸನ್ನು, ಅಂದರೆ ಕರೆಂಟಿಗೆ ಪ್ಯಾಕಿನ ಒಳಗೇ ಇರುವ ತಡೆಯನ್ನು. ಅದನ್ನು ಈಗಿನ ಎಷ್ಟೋ ಚಾರ್ಜರ್‌ಗಳೇ ತೋರಿಸುತ್ತವೆ. ಪ್ಯಾಕಿನ ಮೂರೂ ಸೆಲ್ ಸೇರಿ 20 ಮಿಲಿಓಮ್ ಇದ್ದರೆ 30 ಆಂಪ್ ಎಳೆದಾಗ 0.6 ವೋಲ್ಟ್ ಕುಸಿಯುತ್ತದೆ, 18 ವ್ಯಾಟ್ ಪ್ಯಾಕಿನ ಒಳಗೇ ಬಿಸಿಯಾಗಿ ಹೋಗುತ್ತದೆ. ಅದೇ 60 ಮಿಲಿಓಮ್ ಆದರೆ 1.8 ವೋಲ್ಟ್, 54 ವ್ಯಾಟ್. ವಿಮಾನ ಸುಸ್ತಾದಂತೆ ಹಾರುತ್ತದೆ, ಕೆಳಗಿಳಿಸಿ ಮುಟ್ಟಿದರೆ ಪ್ಯಾಕ್ ಇಸ್ತ್ರಿಪೆಟ್ಟಿಗೆ. ಎರಡು ಸೆಲ್ 7 ಮಿಲಿಓಮ್ ತೋರಿಸಿ ಮೂರನೆಯದು 19 ತೋರಿಸಿದರೆ ಆ ಪ್ಯಾಕಿನ ಆಸೆ ಬಿಡಿ.

ಇನ್ನು ಗಾತ್ರ. ದೊಡ್ಡದೊಂದರ ಬದಲು 3ಎಸ್ (ಸಾಲಾಗಿ ಮೂರು ಸೆಲ್) 1500 ಎಂಎಎಚ್‌ನ ನಾಲ್ಕು ಪ್ಯಾಕ್ ತಗೊಳ್ಳಿ ಅನ್ನುತ್ತೇನೆ. ವಿಮಾನ ಹಗುರವಾದಷ್ಟೂ ಬೇಗ ತಿರುಗುತ್ತದೆ, ಬಿದ್ದಾಗ ಪೆಟ್ಟೂ ಕಡಿಮೆ. ಎಂಬತ್ತು ಶೇಕಡಾ ಮಾತ್ರ ಬಳಸಿದರೆ 1200 ಎಂಎಎಚ್ ಸಿಗುತ್ತದೆ, ಸರಾಸರಿ 18 ಆಂಪ್ ಎಳೆದರೂ ನಾಲ್ಕು ನಿಮಿಷ. ಅಷ್ಟರಲ್ಲಿ ಯಾರಾದರೂ ನಿಮ್ಮನ್ನು ಗುದ್ದಿರುತ್ತಾರೆ ಬಿಡಿ.

ಚಾರ್ಜಿಂಗ್ ಯಾವಾಗಲೂ ಬ್ಯಾಲೆನ್ಸ್ ಮೋಡಿನಲ್ಲಿ (ಎಲ್ಲ ಸೆಲ್ಲೂ ಒಂದೇ ವೋಲ್ಟೇಜಿಗೆ ಬರುವಂತೆ), 1ಸಿ, ಅಂದರೆ 1500ಕ್ಕೆ 1.5 ಆಂಪ್. ಸೆಲ್ಲಿಗೆ 4.2 ವೋಲ್ಟ್‌ಗೆ ನಿಲ್ಲಬೇಕು. ಆಗ ತಾನೇ ಇಳಿದ ಬಿಸಿ ಪ್ಯಾಕನ್ನು ಚಾರ್ಜರ್‌ಗೆ ಹಾಕಲೇಬೇಡಿ. ಮುಂದಿನ ಸುತ್ತಿಗೆ ತಡವಾಯ್ತು ಅಂತ ಒಮ್ಮೆ ಬಿಸಿ ಪ್ಯಾಕಿಗೇ 5 ಆಂಪ್ ಕೊಟ್ಟೆ, ಪೂರಿಯ ಹಾಗೆ ಉಬ್ಬಿಕೊಂಡಿತು. ನಾಲ್ಕು ಪ್ಯಾಕ್ ತಗೊಳ್ಳಿ ಅಂದದ್ದು ಇದಕ್ಕೇ. ಮನೆಯಲ್ಲಿ ನಾನು ಚಾರ್ಜ್ ಮಾಡುವುದು ಬಾಲ್ಕನಿಯಲ್ಲಿ, ಮಣ್ಣಿನ ಮಡಕೆಯೊಳಗೆ, ಪಕ್ಕದಲ್ಲಿ ಒಂದು ಬಕೆಟ್ ಮರಳು. ಮನೆಯವರು ನಗುತ್ತಾರೆ, ನಗಲಿ.

ಬಿದ್ದ ಪ್ಯಾಕ್ ವಿಷಯದಲ್ಲಂತೂ ಅವಸರ ಬೇಡ. ಒಮ್ಮೆ ಡಿಕ್ಕಿಯಾಗಿ ಬಿದ್ದ ಪ್ಯಾಕ್ ಮೂಲೆ ಸ್ವಲ್ಪ ನಜ್ಜಾಗಿತ್ತು, ಅಷ್ಟೇ ತಾನೇ ಅಂತ ಬ್ಯಾಗಿಗೆ ಹಾಕಿಕೊಂಡೆ. ಇಪ್ಪತ್ತು ನಿಮಿಷದ ಮೇಲೆ ನೇಲ್ ಪಾಲಿಶ್ ತರಹದ ಸಿಹಿ ವಾಸನೆ. ಬ್ಯಾಗ್ ಸಮೇತ ದೂರ ಎಸೆದೆ. ಪುಣ್ಯಕ್ಕೆ ಬೆಂಕಿ ಹತ್ತಲಿಲ್ಲ. ಈಗ ಬಿದ್ದದ್ದನ್ನೆಲ್ಲ ಅರ್ಧ ಗಂಟೆ ಬರೀ ಮಣ್ಣಿನ ಮೇಲೆ, ಕಾರು ಬೈಕುಗಳಿಂದ ದೂರ ಇಡುತ್ತೇನೆ.

ಮಳೆ ಬಂದು ಆಟ ನಿಂತ ದಿನ ಇನ್ನೊಂದು ತಲೆನೋವು, ನಾಲ್ಕೂ ಪ್ಯಾಕ್ ಫುಲ್ ಆಗಿಯೇ ಉಳಿದಿರುತ್ತವೆ. ಹಾಗೇ ವಾರಗಟ್ಟಲೆ ಇಟ್ಟರೆ ಹಾಳಾಗುತ್ತವೆ, ಸೆಲ್ಲಿಗೆ 3.8 ವೋಲ್ಟ್‌ಗೆ ಇಳಿಸಬೇಕು. ನನ್ನ ಚಿಕ್ಕ ಚಾರ್ಜರ್ ಒಂದೊಂದನ್ನು ಇಳಿಸಲು ಎರಡು ಗಂಟೆ ತಿನ್ನುತ್ತದೆ. ಅದಕ್ಕೇ ಬೈಕಿನ ಹಳೆಯ 35 ವ್ಯಾಟ್ ಹೆಡ್‌ಲೈಟ್ ಬಲ್ಬಿಗೆ ವೈರ್ ಬೆಸುಗೆ ಹಾಕಿಕೊಂಡಿದ್ದೇನೆ, ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಮೀಟರ್ ನೋಡುತ್ತಾ ಪಕ್ಕದಲ್ಲೇ ಕೂತಿರಬೇಕು, ಬಲ್ಬಿಗೆ ತಾನಾಗಿ ನಿಲ್ಲುವುದು ಗೊತ್ತಿಲ್ಲ.