ಕೋವಿ ಕಲಿಸಿದವರು ಬೈಕ್ ಕಲಿಸಲಿಲ್ಲ

ಯುದ್ಧನೌಕೆ ಬಂದರಿಗೆ ವಾಪಸ್ ಬಂತು ಅಂದ್ರೆ ಊರಿನ ಬೈಕ್ ಅಂಗಡಿಗಳಿಗೆ ಹಬ್ಬ. ಊರು ಅಂದರೆ ಈಗ ನಾವಿರುವ ಊರು, ಅಮೆರಿಕದ ವರ್ಜೀನಿಯಾ ಬೀಚ್. ಪಕ್ಕದ ನಾರ್ಫೋಕ್‌ನಲ್ಲಿ ಜಗತ್ತಿನಲ್ಲೇ ದೊಡ್ಡ ನೌಕಾನೆಲೆ ಇದೆ. ತಿಂಗಳುಗಟ್ಟಲೆ ಸಮುದ್ರದ ಮೇಲಿರುವ ಹುಡುಗರಿಗೆ ಖರ್ಚು ಮಾಡಲು ದಾರಿಯೇ ಇರುವುದಿಲ್ಲ. ಸಂಬಳ ಹಾಗೇ ಬ್ಯಾಂಕಿನಲ್ಲಿ ಕೂಡಿರುತ್ತದೆ. ಹಡಗಿನಿಂದ ಇಳಿದ ವಾರವೇ ಸಾವಿರ ಸಿಸಿಯ ಸ್ಪೋರ್ಟ್ಸ್ ಬೈಕ್ ಬಾಡಿಗೆ ಮನೆ ಮುಂದೆ ನಿಂತಿರುತ್ತದೆ. ಲೈಸೆನ್ಸ್ ಆಮೇಲೆ. ಓಡಿಸಲು ಕಲಿಯುವುದು ಅದಕ್ಕೂ ಆಮೇಲೆ.

ಮಡಿಕೇರಿ ಕಡೆಯವಳಿಗೆ ಇದರಲ್ಲಿ ಹೊಸದೇನಿದೆ ಹೇಳಿ. ಕಾಫಿಗೆ ಒಳ್ಳೆ ರೇಟ್ ಬಂದ ವರ್ಷ ನಮ್ಮಲ್ಲೂ ಇದೇ ಕಥೆ. ಮಗ ಪಿಯುಸಿ ಮುಗಿಸಿದ ಅಂತ ಅಪ್ಪ ಬೈಕ್ ಕೊಡಿಸುತ್ತಾರೆ. ಮಗ ಬೇಕರಿ ಮುಂದೆ ಅದರ ಸ್ಟ್ಯಾಂಡ್ ಹಾಕಿ, ಟೀ ಬರುವ ಮೊದಲೇ "ಸಂಪಾಜೆ ಘಾಟಿ ಇಳಿಯೋಕೆ ನಂಗೆ ಎಷ್ಟು ಹೊತ್ತು ಬೇಕು ಗೊತ್ತಾ?" ಅಂತ ಶುರು ಮಾಡುತ್ತಾನೆ. ಸುತ್ತ ಇರುವ ನಾಲ್ಕು ಜನ ಬಾಯಿ ಬಿಟ್ಟು ಕೇಳುತ್ತಾರೆ. ವ್ಯತ್ಯಾಸ ಏನಂದರೆ, ಇಲ್ಲಿನ ಹುಡುಗ ಮಿಲಿಟರಿಯವನು. ಅವನ ಬಡಾಯಿ ಕೇಳಿಸಿಕೊಳ್ಳಲು ಸೇನೆಯೇ ಒಬ್ಬರನ್ನು ಇಟ್ಟಿದೆ.

ನನಗೆ ಇದು ಗೊತ್ತಾಗಿದ್ದು ಬೈಕ್ ಕಲಿಯಲು ಹೋದಾಗ. ಊರಲ್ಲಿ ಸ್ಕೂಟಿ ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. ನಮ್ಮ ಮನೆಯವರಿಗೆ ಹಡಗು ರಿಪೇರಿ ಯಾರ್ಡಿನಲ್ಲಿ ಕೆಲಸ, ಅವರ ಜೊತೆಯವರೆಲ್ಲ ಬೈಕಿನವರು. ನನಗೂ ಆಸೆ ಹತ್ತಿತು. ಇಲ್ಲಿ ತರಬೇತಿ ಮುಗಿಸಿದ ಸರ್ಟಿಫಿಕೇಟ್ ತೋರಿಸಿದರೆ ಲೈಸೆನ್ಸಿಗೆ ಬೇರೆ ಪರೀಕ್ಷೆ ಬೇಡ. ಕಾಲೇಜಿನ ಪಾರ್ಕಿಂಗ್ ಜಾಗದಲ್ಲಿ ಬಣ್ಣದ ಗೆರೆ ಎಳೆದು, ಪುಟ್ಟ ಕೋನ್‌ಗಳನ್ನಿಟ್ಟು ಕಲಿಸುತ್ತಾರೆ. ಒಂದು ಬ್ಯಾಚಿಗೆ 12 ಜನಕ್ಕಿಂತ ಜಾಸ್ತಿ ಇಲ್ಲ, ಇಬ್ಬರು ಮೇಷ್ಟ್ರು. ನಮ್ಮ ಬ್ಯಾಚಿನಲ್ಲಿ ಅರ್ಧದಷ್ಟು ನೌಕಾಪಡೆಯ ಹುಡುಗರು. ಮೇಷ್ಟ್ರಲ್ಲಿ ಒಬ್ಬರು ನೌಕಾಪಡೆಯಿಂದ ರಿಟೈರ್ ಆದವರು. ಎಲ್ಲರೂ ಅವರನ್ನು ಚೀಫ್ ಅಂತಲೇ ಕರೆಯುವುದು.

ಮೊದಲ ದಿನ ಬೆಳಿಗ್ಗೆ ಎಂಜಿನ್ನನ್ನೇ ಸ್ಟಾರ್ಟ್ ಮಾಡಿಸಲಿಲ್ಲ. ಆಮೇಲೆ ಸ್ಟಾರ್ಟ್ ಮಾಡಿಸಿದರೂ ಓಡಿಸಲು ಬಿಡಲಿಲ್ಲ. ಕಾಲು ನೆಲದ ಮೇಲಿಟ್ಟು, ಕ್ಲಚ್ ಎಲ್ಲಿ ಕಚ್ಚುತ್ತದೆ ಅಂತ ಕೈಯಲ್ಲೇ ಹುಡುಕಬೇಕು. ಸ್ವಲ್ಪ ಬಿಡು, ಬೈಕ್ ಮುಂದಕ್ಕೆ ಜಗ್ಗುತ್ತದೆ. ಹಿಡಿ, ನಿಲ್ಲುತ್ತದೆ. ಮತ್ತೆ ಬಿಡು. ಹೀಗೆ ಬೈಕನ್ನು ಹಿಂದೆ ಮುಂದೆ ತೂಗುತ್ತಾ ನಿಂತಾಗ ನನ್ನ ಪಕ್ಕದ ಹುಡುಗ ಆಕಾಶ ನೋಡಿ ನಿಟ್ಟುಸಿರು ಬಿಟ್ಟ. ಅವನ ಹತ್ತಿರ ಆಗಲೇ ಸಾವಿರ ಸಿಸಿಯ ಬೈಕ್ ಇತ್ತು. ಆರನೇ ವಯಸ್ಸಿಂದ ಮಣ್ಣಿನ ಹಾದಿಯಲ್ಲಿ ಓಡಿಸಿದ್ದೀನಿ, ಸುಮ್ನೆ ಸರ್ಟಿಫಿಕೇಟಿಗೋಸ್ಕರ ಬಂದಿದ್ದೀನಿ ಅಂತ ಎಲ್ಲರಿಗೂ ಹೇಳಿಯಾಗಿತ್ತು.

ಅವನನ್ನು ಕೆಡವಿದ್ದು ವೇಗ ಅಲ್ಲ, ನಿಧಾನ. 20 ಅಡಿ ಅಗಲ, 60 ಅಡಿ ಉದ್ದದ ಒಂದು ಚೌಕಟ್ಟು. ಅದರೊಳಗೆ ಎಂಟರ ಆಕಾರದಲ್ಲಿ ಎರಡು ಸಲ ಪೂರ್ತಿ ತಿರುಗಬೇಕು. ಗೆರೆ ದಾಟಬಾರದು, ಕಾಲು ಊರಬಾರದು. ಬೈಕ್ ಎಲ್ಲರಿಗೂ ಕೊಟ್ಟಂತೆ ಅವನಿಗೂ 250 ಸಿಸಿಯ ಸಣ್ಣದು. ಹುಡುಗ ಜೋರಾಗಿ ಬಂದ. ತಿರುವಿನಲ್ಲಿ ಕಣ್ಣು ಮುಂದಿನ ಚಕ್ರದ ಮೇಲೆ. ಗೆರೆ ಹತ್ತಿರ ಬಂತು. ಗಾಬರಿಯಲ್ಲಿ ಹ್ಯಾಂಡಲ್ ತಿರುಗಿಸಿಕೊಂಡೇ ಮುಂದಿನ ಬ್ರೇಕ್ ಅಮುಕಿದ. ಬೈಕ್ ಮಲಗಿತು. ಚೀಫ್ ಬೈಯಲಿಲ್ಲ, ನಗಲೂ ಇಲ್ಲ. ಎತ್ತಲು ಕೈ ಕೊಟ್ಟು, "ಎಲ್ಲಿ ನೋಡ್ತಿದ್ದೆ?" ಅಂತ ಅಷ್ಟೇ ಕೇಳಿದರು. ನೋಡಿದ ಕಡೆಗೇ ಬೈಕ್ ಹೋಗುತ್ತದೆ. ನೆಲ ನೋಡಿದರೆ ನೆಲಕ್ಕೆ. ಹೊರಗೆ ಹೋಗುವ ದಾರಿ ನೋಡಬೇಕು, ಅದೂ ತಲೆ ತಿರುಗಿಸಿ ಭುಜದ ಆಚೆಗೆ. ಈ ಒಂದು ಮಾತನ್ನು ಅವರು ಎಷ್ಟು ಸಲ ಹೇಳಿದರೋ.

ಮಧ್ಯಾಹ್ನ ಊಟದ ಹೊತ್ತಿಗೆ ಹುಡುಗ ಮತ್ತೆ ಚಿಗುರಿಕೊಂಡ. ಹೆದ್ದಾರಿಯಲ್ಲಿ ಕಾರೊಂದು ಅಡ್ಡ ಬಂದಾಗ ತಾನು ಕೂದಲೆಳೆಯಲ್ಲಿ ಪಾರಾದ ಕಥೆ ಬಂತು. ಲೈಸೆನ್ಸ್ ಇಲ್ಲದೆ ಹೆದ್ದಾರಿಗೆ ಹೇಗೆ ಹೋಗಿದ್ದ ಅನ್ನುವುದು ಬೇರೆ ವಿಷಯ. ಚೀಫ್ ಸ್ಯಾಂಡ್‌ವಿಚ್ ತಿನ್ನುತ್ತಾ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಅದಕ್ಕಿಂತ ಐದು ಸೆಕೆಂಡ್ ಮೊದಲು ನೀನೇನು ಮಾಡ್ತಿದ್ದೆ?" ಅಂದರು. ಹುಡುಗ ತಡವರಿಸಿದ. ಕಾರಿನ ಪಕ್ಕದಲ್ಲೇ, ಅದರ ಕನ್ನಡಿಗೆ ಕಾಣದ ಜಾಗದಲ್ಲಿ ಹೋಗುತ್ತಿದ್ದನಂತೆ. ಜಂಬದ ಕಥೆಗಳಲ್ಲಿ ಹೆಚ್ಚಿನವು ಹೀಗೇ, ತಪ್ಪಿಹೋದ ಆಕ್ಸಿಡೆಂಟಿನ ಕಥೆಗಳು. ಅದಕ್ಕೇ ಹುಡುಗರು ಕೊಚ್ಚಿಕೊಳ್ಳುವುದನ್ನು ತಾನು ತಡೆಯುವುದಿಲ್ಲ ಅಂತ ಚೀಫ್ ಆಮೇಲೆ ನನಗೆ ಹೇಳಿದರು. ಬಾಯಿ ಮುಚ್ಚಿಸಿದರೆ ಅವನು ರಸ್ತೆಯಲ್ಲಿ ಏನು ಮಾಡುತ್ತಿದ್ದಾನೆ ಅಂತ ತಿಳಿಯುವುದು ಹೇಗೆ?

ಇಷ್ಟೆಲ್ಲ ತಲೆಕೆಡಿಸಿಕೊಳ್ಳಲು ಇವರಿಗೆ ಕಾರಣ ಇದೆ. 2008ರಲ್ಲಿ ಅಮೆರಿಕದ ಮರೀನ್ ಪಡೆ, ಅಂದರೆ ಹಡಗಿನಿಂದ ಇಳಿದು ಕಾದಾಡುವ ಸೈನಿಕರ ಪಡೆ, ಒಂದು ಲೆಕ್ಕ ನೋಡಿ ಬೆಚ್ಚಿಬಿತ್ತು. ಹನ್ನೆರಡು ತಿಂಗಳಲ್ಲಿ ಇರಾಕಿನಲ್ಲಿ ಶತ್ರುಗಳ ಕೈಯಲ್ಲಿ ಸತ್ತ ಮರೀನ್‌ಗಳು 20. ಅದೇ ಅವಧಿಯಲ್ಲಿ ಬೈಕ್ ಅಪಘಾತದಲ್ಲಿ ಸತ್ತವರು 25. ಆ 25ರಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಸ್ಪೋರ್ಟ್ಸ್ ಬೈಕಿನವರು. ಯುದ್ಧ ಮುಗಿಸಿ ಜೀವಂತ ಬಂದ ಹುಡುಗ ಮನೆ ಹತ್ತಿರದ ರಸ್ತೆಯಲ್ಲಿ ಹೋದ ಅಂದರೆ ಯಾವ ಅಧಿಕಾರಿ ಆ ತಾಯಿಗೆ ಏನಂತ ಪತ್ರ ಬರೆಯಬೇಕು?

ಹಾಗಂತ ಬೈಕನ್ನೇ ನಿಷೇಧಿಸಲಿಲ್ಲ. ಸ್ಪೋರ್ಟ್ಸ್ ಬೈಕಿನವರಿಗೇ ಅಂತ ಬೇರೆ ತರಬೇತಿ ಬಂತು. ಬೈಕ್ ಓಡಿಸುವ ಸೈನಿಕ ಯಾರೇ ಆಗಲಿ, ತರಬೇತಿ ಕಡ್ಡಾಯ. ರಜೆಯಲ್ಲಿದ್ದರೂ ಸರಿ, ನೆಲೆಯ ಹೊರಗಿದ್ದರೂ ಸರಿ. ಹೆಲ್ಮೆಟ್, ಕನ್ನಡಕ ಅಥವಾ ಹೆಲ್ಮೆಟ್ಟಿನ ಮುಂದಿನ ಗಾಜು, ಬೆರಳು ಮುಚ್ಚುವ ಗ್ಲೌಸ್, ತುಂಬುತೋಳು, ಪ್ಯಾಂಟ್, ಕಣಕಾಲು ಮುಚ್ಚುವ ಶೂ. ಕೆಳಗೆ ಸೌತ್ ಕೆರೊಲಿನಾದಲ್ಲಿ 21 ತುಂಬಿದವರಿಗೆ ಕಾನೂನಿನ ಪ್ರಕಾರ ಹೆಲ್ಮೆಟ್ ಬೇಡ. ಪಕ್ಕದ ಮನೆಯವನು ಕೂದಲು ಹಾರಿಸಿಕೊಂಡು ಹೋಗಬಹುದು, ಸೈನಿಕ ಮಾತ್ರ ಹಾಗೆ ಹೋಗುವಂತಿಲ್ಲ. ಇದರ ಮೇಲೆ ತುಕಡಿಗಳಲ್ಲಿ ಅನುಭವ ಇರುವ ಹಿರಿಯ ಸವಾರನೊಬ್ಬನಿಗೆ ಹೊಸಬರನ್ನು ಒಪ್ಪಿಸುತ್ತಾರೆ. ಜೊತೆಯಲ್ಲಿ ಸವಾರಿ ಹೋಗುವುದು, ಹುಡುಗ ಹೇಗೆ ಓಡಿಸುತ್ತಾನೆ ಅಂತ ಹಿಂದಿನಿಂದ ನೋಡುವುದು ಅವನ ಕೆಲಸ. ಚೀಫ್ ಸರ್ವಿಸ್‌ನಲ್ಲಿದ್ದಾಗ ಇದನ್ನೇ ಮಾಡುತ್ತಿದ್ದರಂತೆ.

ಹೆಲ್ಮೆಟ್ಟಿಗೂ ಮಿಲಿಟರಿಗೂ ಹಳೇ ನಂಟು. ‘ಲಾರೆನ್ಸ್ ಆಫ್ ಅರೇಬಿಯಾ’ ಅಂತ ಹೆಸರಾದ ಬ್ರಿಟಿಷ್ ಸೇನಾಧಿಕಾರಿ ಟಿ. ಇ. ಲಾರೆನ್ಸ್ 1935ರಲ್ಲಿ ಇಂಗ್ಲೆಂಡಿನಲ್ಲಿ ಸೈಕಲ್ ಹುಡುಗರಿಬ್ಬರನ್ನು ತಪ್ಪಿಸಲು ಹೋಗಿ ಬೈಕಿನಿಂದ ಬಿದ್ದರು. ತಲೆಗೆ ಪೆಟ್ಟಾಗಿ ಆರು ದಿನಕ್ಕೆ ತೀರಿಕೊಂಡರು. ಅವರನ್ನು ನೋಡಿದ ಡಾಕ್ಟರುಗಳಲ್ಲಿ ಹ್ಯೂ ಕೇರ್ನ್ಸ್ ಅನ್ನುವವರೂ ಇದ್ದರು. ಅವರು ಬೈಕ್ ಸವಾರರ ತಲೆಪೆಟ್ಟಿನ ಬೆನ್ನು ಹತ್ತಿದರು. 1941ರಲ್ಲಿ ಬ್ರಿಟಿಷ್ ಸೇನೆ ತನ್ನ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿದ್ದರ ಹಿಂದೆ ಅವರ ಕೆಲಸ ಇದೆ. ನಮ್ಮಲ್ಲಿ ಈಗಲೂ ಹೆಲ್ಮೆಟ್ ಬೈಕಿನ ಕನ್ನಡಿಗೆ ನೇತು ಹಾಕುವ ವಸ್ತು. ಚೆಕ್‌ಪೋಸ್ಟ್ ಕಂಡಾಗ ತಲೆಗೆ.

ನನ್ನನ್ನು ಕಾಡುವುದು ಹೆಲ್ಮೆಟ್ ಅಲ್ಲ. ಕೊಡಗಿನವರಿಗೆ ಅಪಾಯದ ವಸ್ತುವನ್ನು ಹೇಗೆ ಕೈಗೆ ಕೊಡಬೇಕು ಅಂತ ಗೊತ್ತಿಲ್ಲವೇ? ಗೊತ್ತಿದೆ, ಚೆನ್ನಾಗಿ ಗೊತ್ತಿದೆ. ಕೋವಿ ವಿಷಯದಲ್ಲಿ ನೋಡಿ. ಕೊಡವರಿಗೆ, ಜಮ್ಮಾ ಹಿಡುವಳಿಯವರಿಗೆ (ಅಂದರೆ ವಂಶಪಾರಂಪರ್ಯವಾಗಿ ಬಂದ ಭೂಮಿ ಇರುವವರಿಗೆ) ಕೋವಿ ಲೈಸೆನ್ಸಿನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಲೈಸೆನ್ಸ್ ಕೇಳುವವರಿಲ್ಲ, ಆದರೆ ಮನೆಯ ಶಿಸ್ತು ಎಂಥದ್ದು! ದೊಡ್ಡಪ್ಪ ಸುಬೇದಾರ್ ಆಗಿ ರಿಟೈರ್ ಆದವರು. ನಮಗೆ ಕಲಿಸುವಾಗ ಮೊದಲು ತೋಟಾ ಮುಟ್ಟಲೂ ಬಿಡಲಿಲ್ಲ. ಖಾಲಿ ಕೋವಿ ಅನ್ನುವುದೇ ಇಲ್ಲ, ಎಲ್ಲದರಲ್ಲೂ ಗುಂಡಿದೆ ಅಂತಲೇ ತಿಳಿಯಬೇಕು. ನಳಿಗೆ ನೆಲಕ್ಕೋ ಆಕಾಶಕ್ಕೋ, ಮನುಷ್ಯರ ಕಡೆಗೆ ಎಂದೂ ಇಲ್ಲ. ಬೇಲಿ ದಾಟುವ ಮೊದಲು ಕೋವಿಯನ್ನು ಮಧ್ಯದಲ್ಲಿ ಬಗ್ಗಿಸಿ ತೆರೆದು ತೋಟಾ ತೆಗೆಯಬೇಕು. ಆಯುಧ ಪೂಜಿಸುವ ಕೈಲ್ ಮುಹೂರ್ತ ಹಬ್ಬದ ದಿನ ತೆಂಗಿನಕಾಯಿಗೆ ಗುರಿಯಿಡುವಾಗ ಹೆಣ್ಣುಮಕ್ಕಳೂ ಹೊಡೆಯುತ್ತೇವೆ. ಆಗ ಯಾರಾದರೂ ಹುಡುಗ ತಮಾಷೆಗೆ ನಳಿಗೆ ಆ ಕಡೆ ಈ ಕಡೆ ಮಾಡಿದರೆ ದೊಡ್ಡವರ ಕೈ ಅವನ ಬೆನ್ನ ಮೇಲೆ. ಯಾರ ಮಗ ಅಂತ ಕೇಳುವುದೂ ಇಲ್ಲ.

ಅದೇ ಹುಡುಗನಿಗೆ ಬೈಕಿನ ಕೀ ಕೊಡುವಾಗ ಬರುವ ಮಾತು ಒಂದೇ: "ನಿಧಾನ ಹೋಗು ಮಗಾ." ಕಲಿಸಿದ್ದು ಯಾರು? ಅಣ್ಣನೋ ಭಾವನೋ, ತೋಟದ ದಾರಿಯಲ್ಲಿ. ಅವನಿಗೆ ಕಲಿಸಿದ್ದು ಇನ್ನೊಬ್ಬ ಅಣ್ಣ. ಲಾಸ್ ಏಂಜಲೀಸ್‌ನಲ್ಲಿ ಹ್ಯಾರಿ ಹರ್ಟ್ ಅನ್ನುವ ಪ್ರೊಫೆಸರ್ 900 ಬೈಕ್ ಅಪಘಾತಗಳ ಜಾಗಕ್ಕೇ ಹೋಗಿ ಪರೀಕ್ಷಿಸಿ 1981ರಲ್ಲಿ ವರದಿ ಕೊಟ್ಟರು. ಬಿದ್ದವರಲ್ಲಿ ನೂರಕ್ಕೆ 92 ಜನ ತಾವೇ ಕಲಿತವರು, ಇಲ್ಲವೇ ಮನೆಯವರಿಂದ, ಸ್ನೇಹಿತರಿಂದ ಕಲಿತವರು. ಲೈಸೆನ್ಸಿಗೆ ನಮ್ಮಲ್ಲೂ ಎಂಟು ಹಾಕಿಸುತ್ತಾರೆ ನಿಜ. ಆದರೆ ಬ್ರೇಕ್ ಹೇಗೆ ಹಿಡಿಯಬೇಕು ಅಂತ ಕೇಳಿ ನೋಡಿ. "ಮುಂದಿನ ಬ್ರೇಕ್ ಹಿಡೀಬೇಡ, ಪಲ್ಟಿ ಆಗ್ತೀಯ" ಅನ್ನುತ್ತಾರೆ. ನಿಲ್ಲಿಸುವ ಶಕ್ತಿಯಲ್ಲಿ ಸುಮಾರು ನೂರಕ್ಕೆ 70 ಪಾಲು ಇರುವುದೇ ಮುಂದಿನ ಬ್ರೇಕಿನಲ್ಲಿ. ಬೈಕ್ ನೇರ ಮಾಡಿಕೊಂಡು, ಮೆತ್ತಗೆ ಶುರು ಮಾಡಿ ಬಿಗಿ ಮಾಡುತ್ತಾ ಹೋಗಬೇಕು. ಇದನ್ನು ಕೈಗೆ ರೂಢಿ ಮಾಡಿಸಲು ನಮ್ಮ ಮೇಷ್ಟ್ರು ಒಂದು ಇಡೀ ಬೆಳಿಗ್ಗೆ ತೆಗೆದುಕೊಂಡರು.

ಇನ್ನೊಂದು ಪಾಠ ಕೊಡಗಿಗೇ ಬರೆದಂತಿತ್ತು. ಮುಂದಿನ ನಾಲ್ಕು ಸೆಕೆಂಡಿನ ದಾರಿ ಯಾವಾಗಲೂ ಕಣ್ಣಿಗೆ ಕಾಣುತ್ತಿರಬೇಕು, ಸಾಧ್ಯವಾದರೆ ಹನ್ನೆರಡು ಸೆಕೆಂಡಿನದು. ಗಂಟೆಗೆ 60 ಕಿಲೋಮೀಟರಿನಲ್ಲಿ ನಾಲ್ಕು ಸೆಕೆಂಡ್ ಅಂದರೆ ಹತ್ತಿರ ಹತ್ತಿರ 67 ಮೀಟರ್. ಸಂಪಾಜೆ ಘಾಟಿಯ ಎಷ್ಟು ತಿರುವುಗಳಲ್ಲಿ ಅಷ್ಟು ದೂರ ಕಾಣುತ್ತದೆ? ಮಾಕುಟ್ಟ ಘಾಟಿಯಲ್ಲಿ? ಮಳೆಗಾಲದಲ್ಲಿ ಮಂಜು ಇಳಿದರೆ ಮುಂದಿನ ಬಸ್ಸಿನ ಲೈಟೇ ಕಾಣುವುದಿಲ್ಲ. ಮರದ ನೆರಳಿನಲ್ಲಿ ಪಾಚಿ ಕಟ್ಟಿದ ಡಾಂಬರು, ಸಿಲ್ವರ್ ಓಕಿನ ಒದ್ದೆ ಎಲೆ, ತೋಟದ ಗೇಟಿನಿಂದ ಟ್ರ್ಯಾಕ್ಟರ್ ಹೊತ್ತು ತಂದ ಕೆಸರು. ತಿತಿಮತಿ ಕಡೆ ಹೋದರೆ ಆನೆ. ಇದೆಲ್ಲ ಬೆಂಗಳೂರಿನಿಂದ ಶನಿವಾರ ಬರುವ ಗುಂಪಿಗೆ ಗೊತ್ತಿಲ್ಲ, ಪಾಪ. ಮಂದಲ್‌ಪಟ್ಟಿಗೆ ಹೋಗುವ ಹುರುಪು ಅವರಿಗೆ. ಊರಿನ ಹುಡುಗರಿಗೆ ಗೊತ್ತಿದೆ. ಗೊತ್ತಿದೆ ಅನ್ನುವುದೇ ಅವರ ಬಡಾಯಿಯ ಬಂಡವಾಳ.

ನಮ್ಮ ಅಣ್ಣನ ಮಗನಿಗೆ ಈ ವರ್ಷ ಬೈಕ್ ಬಂತು. ಫೋನಿನಲ್ಲಿ ಮೊದಲ ದಿನವೇ ಕಥೆ ಶುರು. ತಿರುವಿನಲ್ಲಿ ಬಸ್ ಎದುರು ಬಂತಂತೆ, ಇವನು ಚರಂಡಿಗೂ ಬಸ್ಸಿಗೂ ನಡುವೆ ನುಸುಳಿ ಬಂದನಂತೆ. "ಅತ್ತೆ, ಡ್ರೈವರ್ ಮುಖ ನೋಡ್ಬೇಕಿತ್ತು!"

"ಅದಕ್ಕಿಂತ ಐದು ಸೆಕೆಂಡ್ ಮೊದಲು ನೀನೆಲ್ಲಿದ್ದೆ?"

ಆ ಕಡೆ ಸದ್ದಿಲ್ಲ. ಆಮೇಲೆ, "ಕಾರೊಂದನ್ನ ಓವರ್‌ಟೇಕ್ ಮಾಡ್ತಿದ್ದೆ" ಅಂದ.

ಮಾರನೇ ದಿನ ನನಗೊಂದು ವಿಡಿಯೋ ಕಳಿಸಿದ. 2017ರ ನವೆಂಬರಿನಲ್ಲಿ ಯಲಹಂಕದ ವಾಯುನೆಲೆಯಲ್ಲಿ ನಮ್ಮ ಸೇನೆಯ ಟಾರ್ನೆಡೋಸ್ ತಂಡ ಒಂದೇ ಬೈಕಿನ ಮೇಲೆ 58 ಜನ ಹತ್ತಿ 1200 ಮೀಟರ್ ಹೋದದ್ದು. ಆರ್ಮಿಯವರೇ ಮಾಡ್ತಾರೆ, ನಾನು ಮಾಡಿದ್ರೆ ತಪ್ಪಾ ಅಂತ ಅವನ ವಾದ. ಇದಕ್ಕೆ ಉತ್ತರ ದೊಡ್ಡಪ್ಪನೇ ಕೊಟ್ಟರು. "ಅವರು ರಸ್ತೇಲಿ ಹೋಗ್ತಿದ್ದಾರಾ, ರನ್‌ವೇಲಾ? ಎದುರಿಗೆ ಬಸ್ ಬರ್ತಾ ಇದೆಯಾ? ಎಷ್ಟು ದಿನ ಪ್ರಾಕ್ಟೀಸ್ ಮಾಡಿರ್ತಾರೆ ಅಂತ ಗೊತ್ತಾ ನಿಂಗೆ?" ಅಂದು ಕೀ ತೆಗೆದು ಜೇಬಿಗೆ ಹಾಕಿಕೊಂಡರು.

ಆಗ ನನಗೆ ಹೊಳೆದದ್ದು ನಮ್ಮ ಕಾಫಿ ಒಣಗಿಸುವ ಕಣ. ಸಿಮೆಂಟಿನದು, ಕೊಯ್ಲು ಶುರುವಾಗುವವರೆಗೆ ಖಾಲಿ. ಕಾಲೇಜಿನ ಪಾರ್ಕಿಂಗಿಗಿಂತ ಚೆನ್ನಾಗಿದೆ. ಮಳೆ ಬಿಟ್ಟ ದಿನ ಪಾಚಿ ಉಜ್ಜಿ ತೊಳೆದರೆ ಸಾಕು. ಅಳತೆ ಬರೆದು ಕಳಿಸಿದೆ. ಸುಣ್ಣ ಹಾಕಿದರೆ ಆಮೇಲೆ ಕಾಫಿ ಹರಡುವುದು ಹೇಗೆ ಅಂತ ದೊಡ್ಡಪ್ಪ ತಕರಾರು ತೆಗೆದು, ಕೊನೆಗೆ ಸೀಮೆಸುಣ್ಣಕ್ಕೆ ಒಪ್ಪಿದರು. ಅವರೇ ಟೇಪ್ ಹಿಡಿದು 20 ಅಡಿ, 60 ಅಡಿ ಅಳೆದು ಗೆರೆ ಎಳೆದರು. ಗೆರೆ ಮುಟ್ಟದೆ, ಕಾಲು ಊರದೆ ಎರಡೂ ಕಡೆ ತಿರುಗಿಸುವವರೆಗೆ ಘಾಟಿ ರಸ್ತೆಗೆ ಬೈಕ್ ಇಲ್ಲ ಅಂತ ಆಜ್ಞೆ.

ಕಳೆದ ಭಾನುವಾರ ವಿಡಿಯೋ ಕಾಲಿನಲ್ಲಿ ನಾನೂ ನೋಡಿದೆ. ಎಡಕ್ಕೆ ಪರವಾಗಿಲ್ಲ. ಬಲಕ್ಕೆ ತಿರುಗುವಾಗ ಪ್ರತಿ ಸಲ ಕಾಲು ಊರುತ್ತಾನೆ, ಕಣ್ಣು ಮುಂದಿನ ಚಕ್ರದ ಮೇಲೆಯೇ. ತಪ್ಪು ತನ್ನದಲ್ಲ, ಕಣ ಆ ಕಡೆಗೆ ಇಳಿಜಾರಾಗಿದೆ ಅಂತ ಹುಡುಗ ಗೊಣಗಿದ. ದೊಡ್ಡಪ್ಪ ಮೆಟ್ಟಿಲ ಮೇಲೆ ಕೂತವರು ಅಲ್ಲಿಂದಲೇ ಕೂಗಿದರು: "ಇಳಿಜಾರಿಲ್ಲದ ಜಾಗ ಕೊಡಗಲ್ಲಿ ಎಲ್ಲಿದೆ? ಹುಡುಕ್ಕೊಂಡು ಬಾ, ಅಲ್ಲೇ ಓಡಿಸ್ಕೋ."