ಫಿಲಡೆಲ್ಫಿಯಾ ಬೋರ್ಡ್: 2012ಕ್ಕ ಬಂದ್ರ ಸಾಕು, ಮುಚ್ಚಿದ ಸಾಲಿ ಮತ್ತ ಹತ್ತತಾವ

ಸಿಕ್ತ್ರಿ, ಕಡೀಗೂ ಸಿಕ್ತು! ಅಮೆರಿಕಾದ ಫಿಲಡೆಲ್ಫಿಯಾದಾಗ ಕ್ಯಾಥೊಲಿಕ್ ಸಾಲಿ ಯಾವಾಗ ಶುರು ಆದ್ವು, ಯಾವಾಗ ಮುಚ್ಚಿದ್ವು ಅಂತ ಲೈಟಿನ್ಯಾಗ ತೋರಿಸೂ ನಕ್ಷಾ ಬೋರ್ಡ್ ಒಂದು ಮಾಡಾಕತ್ತೀನಿ, 2012ಕ್ಕ ಬಂದ್ರ ಅದರ ಲೈಟ್ ದೆವ್ವ ಹೊಕ್ಕಂಗ ಕುಣೀತಿದ್ವು. ಇಷ್ಟು ದಿನ ಕೋಡ್ ಬೈದೆ, ಡೇಟಾ ಬೈದೆ, ಕಳ್ಳ ಕುಂತಿದ್ದು ಮೈಮ್ಯಾಲೆ ಸುಳ್ಳು ಹೆಸರು ಬರಕೊಂಡ ಒಂದು ಹದಿನಾಲ್ಕು ಕಾಲಿನ ಐಸಿ (ಚಿಪ್) ಒಳಗ. ಅದರ ಬೈಗುಳ ಮುಂದ ಬರ್ತಾವ, ತಡಕೋರಿ.

ಬೋರ್ಡ್ ಎಲ್ಲಿಗೆ ಬಂದೈತಿ ಅಂದ್ರ, ನಮ್ಮ ಬೆಳಗಾವಿ ಉದ್ಯಮಬಾಗದಾಗ ಎಂಡಿಎಫ್ ಹಲಗಿ ಕಟಿಂಗ್ ಆತು, ಡೆಲವೇರ್ ನದಿಗೆ ನೀಲಿ ಬಣ್ಣ ಹೊಡದಾತು, ಫಿಲಡೆಲ್ಫಿಯಾ ಸಿಟಿ ಮತ್ತ ಸುತ್ತಲಿನ ನಾಕು ಕೌಂಟಿ (ನಮ್ಮ ಜಿಲ್ಲಾ ಇದ್ದಂಗ: ಬಕ್ಸ್, ಚೆಸ್ಟರ್, ಡೆಲವೇರ್, ಮಾಂಟ್ಗಮರಿ) ಒಳಗಿನ ಕ್ಯಾಥೊಲಿಕ್ ಸಾಲಿಗೊಂದೊಂದು ಡಬ್ಲ್ಯುಎಸ್2812ಬಿ ಎಲ್‌ಇಡಿ (ಬಣ್ಣಾ ಬದಲಿಸೂ ಲೈಟ್, ಸರಪಳಿಯಂಗ ಒಂದರಿಂದ ಮುಂದಿನದಕ್ಕ ಡೇಟಾ ದಾಟಸ್ತೈತಿ), ಕೆಳಗ ಒಂದು ನಾಬ್. ಬಲಕ್ಕ ತಿರುವಿದ್ರ ವರ್ಷ ಮುಂದ ಹೋಗ್ತೈತಿ, ಸಾಲಿ ಶುರು ಆದ ವರ್ಷಕ್ಕ ಹಳದಿ ಲೈಟ್ ಹತ್ತತೈತಿ, ಮುಚ್ಚಿದ ವರ್ಷಕ್ಕ ಆರತೈತಿ. ಸೋಲ್ಡರಿಂಗು, ಪವರ್ ಇಂಜೆಕ್ಷನ್ನು ಎಲ್ಲಾ ನಿಮಗ ಗೊತ್ತಿದ್ದದ್ದ, ಬಿಟ್ಟೆ.

ಯಾಕಪಾ ಫಿಲಡೆಲ್ಫಿಯಾ, ನಮ್ಮೂರದು ಮಾಡಬಾರದೇನು ಅಂತ ಕೇಳಾವ್ರಿಗೆ: ಬೆಳಗಾವ್ಯಾಗ ಹತ್ತೂದಷ್ಟ ಐತಿ, ಆರೂದೆಲ್ಲೈತಿ? ಕ್ಯಾಂಪಿನ ಸೇಂಟ್ ಪಾಲ್ಸ್ 1856ರಾಗ ಶುರು ಆಗಿ ಇವತ್ತಿಗೂ ನಡದೈತಿ, ಕಾನ್ವೆಂಟ್ ಅಡ್ಮಿಷನ್ ಅಂದ್ರ ಇವತ್ತಿಗೂ ಮಂದಿ ವಶೀಲಿ ಹುಡಕ್ತಾರ, ಅದಕ್ಕ ನಾಬ್ ತಿರುವಿ ಏನ್ ನೋಡೂದು. ಅಲ್ಲಿ ನೂರಾ ಇಪ್ಪತ್ತು ವರ್ಷ ಹತ್ತಿಕೊಂತ ಹೋಗ್ತಾವ, ಆಮ್ಯಾಲೆ ಐವತ್ತು ವರ್ಷ ಆರಿಕೊಂತ ಬರ್ತಾವ. ನೋಡಾಕ ಮಜಾ, ವಿಚಾರ ಮಾಡಿದ್ರ ಹೊಟ್ಟಿ ಚುರ್ ಅಂತೈತಿ.

ಈಗ ರೋಗ ಏನಿತ್ತು ಕೇಳ್ರಿ. 1844ರಿಂದ 2011ರ ತನಕ ಬರೋಬ್ಬರಿ. 1965ರ ಸುಮಾರು ಬೋರ್ಡ್ ತುಂಬ ಲೈಟ್ ಹತ್ತಿದಾಗೂ ತಕರಾರಿಲ್ಲ. 2012 ಬಂತೋ, ಎಂದೋ ಮುಚ್ಚಿದ ಸಾಲಿ ಫಕ್ ಅಂತ ಹತ್ತತಾವ, ಆರತಾವ, ಒಂದಿಷ್ಟು ಹಸರಾಗ್ತಾವ, ಸಾಲೀನ ಇಲ್ಲದ ಜಾಗಾದಾಗ ಬಿಟ್ಟ ಸ್ಪೇರ್ ಎಲ್‌ಇಡಿ ಸುದ್ದಾ ಕಣ್ಣು ಹೊಡೀತಾವ. 2013ಕ್ಕ ಹೋದ್ರ ಮತ್ತ ಎಲ್ಲಾ ಗಪ್‌ಚಿಪ್.

ಬ್ಯಾರೆ ಯಾವ ವರ್ಷ ಹಿಂಗಾಗಿದ್ರೂ ಹಾರ್ಡ್‌ವೇರ್ ಅಂತ ಅವತ್ತ ಹಿಡೀತಿದ್ದೆ. ತಲಿ ಕೆಡಿಸಿದ್ದು ಏನಂದ್ರ, 2012ರಾಗ ಖರೇನ ಹಂಗ ಆಗೇತಿ! ಆ ವರ್ಷ ಜನವರಿ 6ಕ್ಕ ಅಲ್ಲಿನ ಮಹಾಧರ್ಮಪ್ರಾಂತ್ಯದ (ಆರ್ಚ್‌ಬಿಷಪ್ ಆಡಳಿತದ) ಕಮಿಷನ್ ರಿಪೋರ್ಟ್ ಬಂತು, 45 ಪ್ರಾಥಮಿಕ ಸಾಲಿ ಮುಚ್ಚಬೇಕು ಇಲ್ಲಾ ಬಾಜೂಕಿನ ಸಾಲಿಗೆ ಸೇರಿಸಬೇಕು, 4 ಹೈಸ್ಕೂಲ್ ಬಂದ್ ಅಂತ. ವೆಸ್ಟ್ ಕ್ಯಾಥೊಲಿಕ್, ಸೇಂಟ್ ಹ್ಯೂಬರ್ಟ್, ಕಾನ್ವೆಲ್-ಈಗನ್, ಬಾನರ್-ಪ್ರೆಂಡರ್ಗಾಸ್ಟ್. ತಾಯಿ ತಂದಿ, ಹಳೇ ವಿದ್ಯಾರ್ಥಿಗಳು ರಸ್ತಾಕ್ಕ ಇಳದ್ರು, ರೊಕ್ಕ ಕೂಡ್ಸಿದ್ರು, ಅಪೀಲು ಹಾಕಿದ್ರು, ಪ್ರಾಥಮಿಕ ಸಾಲಿಯೊಳಗ ಎಷ್ಟೋ ಗೆದ್ದು ಉಳಕೊಂಡವು, ಫೆಬ್ರವರಿ 24ಕ್ಕ ಆರ್ಚ್‌ಬಿಷಪ್ ಚಾರ್ಲ್ಸ್ ಶಪೂ ನಾಕೂ ಹೈಸ್ಕೂಲು ನಡೀತಾವ ಅಂತ ಹೇಳಿದ್ರು. ಅಂದ್ರ ಜನವರಿಗೆ ಮಿಣಕಿ ಫೆಬ್ರವರಿಗೆ ಹತ್ತೂದು ನನ್ನ ಡೇಟಾದಾಗನ ಐತಿ. ವೆಸ್ಟ್ ಕ್ಯಾಥೊಲಿಕ್ ಮಿಣಕ್ ಅಂದ್ರ ಅದು ಇತಿಹಾಸ, ಅದರ ಬಾಜೂಕ 70ರ ದಶಕದಾಗ ಮುಚ್ಚಿದ್ದು ಮಿಣಕ್ ಅಂದ್ರ ಅದು ದೆವ್ವ, ಎರಡೂ ಒಂದ ಸೆಕೆಂಡಿನ್ಯಾಗ ಆದ್ರ ಯಾವುದಂತ ಹಿಡೀತೀರಿ?

ಮ್ಯಾಲೆ ಈ ಸೇರಿಸೂದು ಬ್ಯಾರೆ. ಎರಡು ಚರ್ಚಿನ ಸಾಲಿ ಕೂಡಿ ಮೂರನೇ ಹೆಸರಿಂದ ಒಂದ ಕಟ್ಟಡದಾಗ ನಡದ್ರ ಎಷ್ಟು ಲೈಟ್ ಇಡಬೇಕು? ನಾ ಇಟ್ಟ ರೂಲು ಇಷ್ಟ: ಕಟ್ಟಡದಾಗ ಹುಡುಗ್ರು ಕುಂತು ಓದಾಕತ್ತಿದ್ರ ಲೈಟ್ ಇರ್ತೈತಿ, ಹೊರಗ ಪಾಟಿ ಮ್ಯಾಲೆ ಏನರ ಬರೀರಿ. ಈ ರೂಲಿನ ಮ್ಯಾಲೆ ಇಡೀ ಸಿಎಸ್‌ವಿ ಫೈಲ್ (ಸಾಲಿಗಳ ಪಟ್ಟಿ) ಮತ್ತ ಒಂದೊಂದ ಲೈನ್ ಹಿಡದು ಸೋಸಿದೆ. ಮನಿಯಾಕಿ ಹಿಂದಿಂದ ಬಂದು ನೋಡಿ, "ಅಮೆರಿಕಾದ ಸಾಲಿ ಯಾವಾಗ ಮುಚ್ಚೇತಿ ಅಂತ ಬರೋಬ್ಬರಿ ಗೊತ್ತೈತಿ ನಿಮಗ, ನಮ್ಮ ಹುಡುಗನ ಸಾಲಿ ಫೀ ತುಂಬೂ ತಾರೀಖು ಮುಗದದ್ದು ಗೊತ್ತಿಲ್ಲ" ಅಂದ್ಲು. ಫೀ ತುಂಬಿ ಬಂದು ಮತ್ತ ಕುಂತೆ.

ಸೋಸಿದ್ದು ದಂಡ ಆಗ್ಲಿಲ್ಲ ಬಿಡ್ರಿ, ಇತಿಹಾಸ ಗೊತ್ತಾತು. 1844ರಾಗ ಅಲ್ಲಿ ದೊಡ್ಡ ಗಲಾಟೆ, ಸರಕಾರಿ ಸಾಲ್ಯಾಗ ಕ್ಯಾಥೊಲಿಕ್ ಹುಡುಗ್ರೂ ಪ್ರಾಟೆಸ್ಟಂಟ್ ಬೈಬಲ್ಲನ್ನ ಓದಬೇಕು ಅನ್ನೂದು ಅದರೊಳಗಿನ ಒಂದು ಜಗಳ, ಐರಿಶ್ ಮಂದಿ ಮ್ಯಾಲಿನ ಸಿಟ್ಟು ಇನ್ನೊಂದು, ಸೇಂಟ್ ಮೈಕೆಲ್ ಮತ್ತ ಸೇಂಟ್ ಅಗಸ್ಟಿನ್ ಚರ್ಚ್ ಎರಡೂ ಸುಟ್ಟು ಹೋದವು. 1852ಕ್ಕ ಬಿಷಪ್ ಆಗಿ ಬಂದ ಜಾನ್ ನ್ಯೂಮನ್ ಚರ್ಚಿಗೊಂದೊಂದು ಬಿಡಿಬಿಡಿ ಇದ್ದ ಸಾಲಿಗಳನ್ನ ಒಂದ ವ್ಯವಸ್ಥಾದಾಗ ತಂದ್ರು, ಆ ದೇಶಕ್ಕ ಅದ ಮೊದಲನೇದು. 1884ರ ಬಾಲ್ಟಿಮೋರ್ ಬಿಷಪ್‌ಗಳ ಸಭಾದಾಗ ಪ್ರತಿ ಚರ್ಚಿನ ಬಾಜೂಕ ಎರಡು ವರ್ಷದಾಗ ಸಾಲಿ ಆಗಬೇಕು ಅಂತ ಹುಕುಂ. ಅಲ್ಲಿಂದ ನನ್ನ ಬೋರ್ಡಿನ್ಯಾಗ ಲೈಟ್ ಇಡಾಕ ಜಾಗಾ ಸಾಲಲಾರದಂಗಾತು. 1918ರಿಂದ 1951ರ ತನಕ ಅಲ್ಲಿ ಆರ್ಚ್‌ಬಿಷಪ್ ಆಗಿದ್ದ ಕಾರ್ಡಿನಲ್ ಡೋಹರ್ಟಿ ಅಂತೂ ತಮ್ಮನ್ನ ತಾವ ದೇವರ ಗೌಂಡಿ ಅಂತ ಕರಕೊಳ್ಳಾವ್ರು, ಅಷ್ಟು ಕಟ್ಟಿಸಿದ್ರು.

ಪೋರ್ಟ್ ರಿಚ್ಮಂಡ್ ಅಂತ ಒಂದು ಓಣಿ ಐತ್ರಿ, ನನ್ನ ಜೀವಾ ತಿಂದದ್ದು. ಪೋಲಿಶ್ ಮಂದೀದು ಸೇಂಟ್ ಅಡಾಲ್ಬರ್ಟ್, ಜರ್ಮನ್ ಮಂದೀದು ಅವರ್ ಲೇಡಿ ಹೆಲ್ಪ್ ಆಫ್ ಕ್ರಿಶ್ಚಿಯನ್ಸ್, ಐರಿಶ್ ಮಂದೀದು ನೇಟಿವಿಟಿ, ಎಲ್ಲಾ ಅಲಿಗೇನಿ ಅವೆನ್ಯೂಕ್ಕ ಹತ್ತಿಕೊಂಡ ಇದ್ವು, ಒಬ್ಬರ ಗಂಟಿ ಇನ್ನೊಬ್ಬರಿಗೆ ಕೇಳ್ತಿತ್ತು. ನಮ್ಮಲ್ಲಿ ಕನ್ನಡ ಸಾಲಿ, ಮರಾಠಿ ಸಾಲಿ, ಉರ್ದು ಸಾಲಿ ಒಂದ ಓಣ್ಯಾಗ ಇರೂದು ನೋಡಿದ ಬೆಳಗಾವಿ ಮಂದಿಗೆ ಇದು ಬಿಡಿಸಿ ಹೇಳೂದು ಬ್ಯಾಡ. ಆದ್ರ ನನ್ನ ಸ್ಕೇಲಿನ್ಯಾಗ ಮೂರು ಸಾಲಿ ಅಂದ್ರ ಮೂರು ಮಿಲಿಮೀಟರ್, ಒಂದು ಎಲ್‌ಇಡೀನ ಐದು ಮಿಲಿಮೀಟರ್ ಐತಿ. ಆ ಓಣಿ ಅಷ್ಟ ಎನ್‌ಲಾರ್ಜ್ ಮಾಡಿ ಮೂಲ್ಯಾಗ ಬ್ಯಾರೆ ಕಿಟಕಿ ಕೊಟ್ಟೀನಿ.

ಯಾಕ ಆರಿದ್ವು ಅನ್ನೂದಕ್ಕ ಮಂದಿ ದೇವರನ್ನ ಬಿಟ್ರು ಅಂತ ಒಂದ ಮಾತಿನ್ಯಾಗ ಮುಗಸ್ತಾರ, ನನಗ ಒಪ್ಪಿಗಿಲ್ಲ. ಲೆಕ್ಕ ನೋಡ್ರಿ. ಸೇಂಟ್ ಜೋಸೆಫ್ ಸಿಸ್ಟರ್ಸ್, ಐಎಚ್‌ಎಮ್ (ಇಮ್ಯಾಕ್ಯುಲೇಟ್ ಹಾರ್ಟ್ ಆಫ್ ಮೇರಿ) ಸಿಸ್ಟರ್ಸ್ ಇಂಥಾ ಸನ್ಯಾಸಿನಿಯರು ಒಂದೊಂದ ಕ್ಲಾಸಿನ್ಯಾಗ 60ಕ್ಕೂ ಹೆಚ್ಚು ಹುಡುಗ್ರನ್ನ ಕೂಡ್ರಿಸ್ಕೊಂಡು, ಕೈಖರ್ಚಿನಷ್ಟು ರೊಕ್ಕಕ್ಕ ಕಲಿಸ್ತಿದ್ರು, ಅದಕ್ಕ ಫೀ ಇಲ್ಲದ ನಡೀತಿತ್ತು. 1965ರಾಗ ಅಮೆರಿಕಾದಾಗ ಸುಮಾರು 1,80,000 ಸಿಸ್ಟರ್ಸ್ ಇದ್ರು, ಈಗ 40,000ಕ್ಕಿಂತ ಕಮ್ಮಿ. ಅವರ ಜಾಗಾಕ್ಕ ಬಂದ ಟೀಚರಿಗೆ ಪಗಾರ ಬೇಕು, ಪಗಾರಕ್ಕ ಫೀ ಏರಬೇಕು, ಫೀ ಏರಿದ್ರ ಬಡವ್ರು ಹೋಗ್ತಾರ. ನಮ್ಮಲ್ಲಿ ಅನುದಾನಿತ ಸಾಲಿ ಆದ್ರ ಮಾಸ್ತರ್ ಪಗಾರ ಸರಕಾರ ಕೊಡ್ತೈತಿ. ಪೆನ್ಸಿಲ್ವೇನಿಯಾನೂ 1968ರಾಗ ಅಂಥಾದ್ದೊಂದು ಕಾಯ್ದೆ ಮಾಡಿತ್ತು, ಗಣಿತ ವಿಜ್ಞಾನ ಕಲಿಸೂ ಮಾಸ್ತರಿಗೆ ಒಂದಿಷ್ಟು ಕೊಡೂದು ಅಂತ, 1971ರಾಗ ಸುಪ್ರೀಂ ಕೋರ್ಟ್ ಲೆಮನ್ ವರ್ಸಸ್ ಕರ್ಟ್ಜ್‌ಮನ್ ಕೇಸಿನ್ಯಾಗ ಅದನ್ನ ಹೊಡದ್ಹಾಕ್ತು. ಆ ಲೆಮನ್ ಅನ್ನಾಂವ ಫಿಲಡೆಲ್ಫಿಯಾದವನ! ಅದರ ಮ್ಯಾಲೆ ಮಂದಿ ಸಿಟಿ ಬಿಟ್ಟು ಹೊರಗಿನ ಕೌಂಟಿಗೆ ಹೋಗೂದು, 1997ರ ಕಾಯ್ದೆ ಮ್ಯಾಲೆ ಫೀ ಇಲ್ಲದ ಚಾರ್ಟರ್ ಸಾಲಿ (ಸರಕಾರದ ರೊಕ್ಕ, ಖಾಸಗಿ ಆಡಳಿತ) ಬಂದದ್ದು, 2005 ಮತ್ತ 2011ರಾಗ ಪಾದ್ರಿಗಳ ಲೈಂಗಿಕ ದೌರ್ಜನ್ಯದ ಮ್ಯಾಲೆ ಗ್ರ್ಯಾಂಡ್ ಜ್ಯೂರಿ ರಿಪೋರ್ಟು. ನಾಬ್ ಮೆಲ್ಲಕ ತಿರುವಿದ್ರ ಸಿಟಿ ನಡುವ ಆರೂದು, ಅಂಚಿಗೆ ಹತ್ತೂದು 50ರ ದಶಕದಾಗನ ಶುರು ಆಗೂದು ಕಾಣ್ತೈತಿ. ಕಾರ್ಡಿನಲ್ ಡೋಹರ್ಟಿ ಹೈಸ್ಕೂಲ್ ಅಂತ 1956ರಾಗ ತೆರದದ್ದು, 60ರ ದಶಕದಾಗ 6000 ಹುಡುಗ್ರ ಹತ್ರ ಹೋಗಿತ್ತು, 2010ಕ್ಕ ಬಂದ್. ಒಂದ ಎಲ್‌ಇಡಿ ಅದು. ನೋಡಾಕ ಬಾಜೂಕಿನ ಸಣ್ಣ ಸಾಲಿಯಷ್ಟ ಕಾಣ್ತೈತಿ, ಅದೊಂದು ಬೇಜಾರು ನನಗ ಇನ್ನೂ ಐತಿ.

ಸರಿ, ದೆವ್ವಕ್ಕ ಬರೂಣು. ಡೇಟಾ ಶುದ್ಧ ಆದ ಮ್ಯಾಲೂ ಕುಣಿತ ನಿಲ್ಲಲಿಲ್ಲ. ಆಗ 2012ರ ಘಟನಾ ಪೂರ್ತಿ ಎತ್ತಿ 1990ಕ್ಕ ಇಟ್ಟೆ, ಸುಳ್ಳು ಡೇಟಾ. ದೆವ್ವ 1990ಕ್ಕ ಬಂತು! ಇತಿಹಾಸಕ್ಕ ಸಂಬಂಧಾನ ಇಲ್ಲ ಅಂತ ಅಲ್ಲಿಗೆ ಖಾತ್ರಿ ಆತು. 2012ರ ವಿಶೇಷ ಏನಂದ್ರ ಮುಚ್ಚತೀವಿ ಅಂತ ಹೇಳಿದ 49 ಸಾಲಿ ಫುಲ್ ಬ್ರೈಟ್‌ನೆಸ್ ಬಿಳಿ ಲೈಟಿನ್ಯಾಗ ಒಮ್ಮೆಲೆ ಮಿಣಕ್ತಾವ. ಒಂದಕ್ಕ 60 ಮಿಲಿಆಂಪ್ ಹಿಡದ್ರೂ ಒಂದ ಹೊಡತಕ್ಕ ಸುಮಾರು 3 ಆಂಪ್ ಏರ್ತೈತಿ, ಇಳೀತೈತಿ. ಮೆತ್ತಗ ಹಳದಿ ಹತ್ತಿದ 1965ರಾಗ ಆ ಜಿಗತ ಇಲ್ಲ. ಗ್ರೌಂಡ್ ವಯರ್ ದಪ್ಪಂದು ಹಾಕಿದೆ, 1000 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಕೂಡ್ರಿಸಿದೆ, ಡೇಟಾ ಲೈನಿಗೆ 330 ಓಮ್. ಕಮ್ಮಿ ಆತು, ಹೋಗ್ಲಿಲ್ಲ.

(ಕೆಪ್ಯಾಸಿಟರ್ ಬರೂತನಕ ಸುಮ್ನ ಕುಂದ್ರಲಾರದ ಮುಂದಿನ ಪ್ರಾಜೆಕ್ಟ್ ತಲ್ಯಾಗ ಹೊಕ್ಕೇತಿ: ಗೋಳಗುಮ್ಮಟ ಡಬ್ಬಿ. ಒಂದು ಮೈಕ್, ಒಂದು ಸ್ಪೀಕರ್, ಇಎಸ್‌ಪಿ32 (ಈ ಬೋರ್ಡ್ ನಡಸೂ ಸಣ್ಣ ಕಂಪ್ಯೂಟರ್ ಚಿಪ್ಪೂ ಅದ) ಒಳಗ ಸದ್ದು ಹಿಡದಿಡೂ ರಿಂಗ್ ಬಫರ್. ಗುಮ್ಮಟದ ಒಳ ಗ್ಯಾಲರಿ ಅಡ್ಡಗಲ ಸುಮಾರು 38 ಮೀಟರ್, ಸದ್ದು ದಾಟಾಕ 110 ಮಿಲಿಸೆಕೆಂಡ್ ಹತ್ರ. ಡಬ್ಬಿ ಮುಂದ ಕೂಗಿದ್ರ ಏಳು ಸಲ ತಿರುಗಿ ಕೂಗಬೇಕು. ವಿಜಯಪುರ ಮಂದಿ ಯಾರರ ಜನ ಇಲ್ಲದ ಹೊತ್ತು ನೋಡಿ ಒಂದು ಚಪ್ಪಾಳೆ ರೆಕಾರ್ಡ್ ಮಾಡಿ ಕೊಟ್ರ ಭಾಳ ಉಪಕಾರ ಆಗ್ತೈತಿ.)

ಉಳದದ್ದು ಲೆವೆಲ್ ಶಿಫ್ಟರ್, ಅಂದ್ರ ಡೇಟಾದ ವೋಲ್ಟೇಜ್ ಏರಿಸಿ ದಾಟಿಸೂ ಐಸಿ. ಇಎಸ್‌ಪಿ32 ಕೊಡೂದು 3.3 ವೋಲ್ಟ್, 5 ವೋಲ್ಟಿನ ಎಲ್‌ಇಡಿ ಕೇಳೂದು 3.5, ಅದಕ್ಕ ನಡುವ 74ಎಚ್‌ಸಿಟಿ125, ಮೊದಲ ಹೇಳಿದ ಹದಿನಾಲ್ಕು ಕಾಲಿಂದು ಇದ. ಎಚ್‌ಸಿಟಿ ಆದ್ರ 2 ವೋಲ್ಟಿಗೆ ಒಪ್ಪತೈತಿ, ಬರೇ ಎಚ್‌ಸಿ ಆದ್ರ ಅದಕ್ಕೂ 3.5 ಬೇಕು. ಐಸಿ ಮ್ಯಾಲೆ ಎಚ್‌ಸಿಟಿ ಅಂತ ಚಂದಾಗಿ ಬರದಿತ್ತು. ಆದ್ರೂ ಸಂಶಯ ಬಂದು ಇನ್‌ಪುಟ್ಟಿಗೆ ಒಂದು 10ಕೆ ಪಾಟ್ (ತಿರುವೂ ರೆಸಿಸ್ಟರ್) ಕಟ್ಟಿ, ವೋಲ್ಟೇಜ್ ಮೆಲ್ಲಕ ಏರಿಸ್ಕೊಂತ ಮೀಟರ್ ನೋಡಿದೆ. ಎಚ್‌ಸಿಟಿ ಒಂದೂವರಿ ವೋಲ್ಟ್ ಹತ್ರ ಮಗಚಬೇಕು. 1.5 ಆತು, ಇಲ್ಲ. 2 ಆತು, ಇಲ್ಲ. 2.5ಕ್ಕ ಟಕ್. ಇದು ಎಚ್‌ಸಿ ರೀ, ಮ್ಯಾಲೆ ಹೆಸರು ಕೆರದು ಹೊಸಾದು ಬರದಾರ! ಮಾಮೂಲಿ ಹೊತ್ತಿನ್ಯಾಗ 3.3 ಬಂದ್ರ ಹೆಂಗೋ ನಡಸ್ತಿತ್ತು, 3 ಆಂಪ್ ಜಿಗದು ಗ್ರೌಂಡ್ ಅಲ್ಲಾಡಿದ ಕೂಡಲೆ ಒಂದು ಬಿಟ್ ತಪ್ಪತಿತ್ತು, ಆ ಬಿಟ್ಟಿನ ಹಿಂದ ಇರೂ ಸಾಲಿ ಎಲ್ಲಾ ಅಡ್ಡಾದಿಡ್ಡಿ.

ಕೊಟ್ಟಾಂವ ಒಬ್ಬ ಆನ್‌ಲೈನ್ ಅಂಗಡಿಯವ, ಹೆಸರು ಬ್ಯಾಡ. ಫೋಟೋ, ವಿಡಿಯೋ, ಮೀಟರ್ ರೀಡಿಂಗ್ ಎಲ್ಲಾ ಕಳಿಸಿದ್ರ "ಸರ್, ಮಾರ್ಕಿಂಗ್ ಎಚ್‌ಸಿಟಿ ಅಂತಾನೇ ಇದೆಯಲ್ಲ" ಅಂತ ಉತ್ತರ. ಅದ ಮಾರ್ಕಿಂಗ್ ಸುಳ್ಳು ಅಂತ ಹೇಳಾಕತ್ತೀನಿ ಮಾರಾಯಾ! ಆಮ್ಯಾಲೆ ಐಸಿ ವಾಪಸ್ ಕಳಸಾಕ ಕೊರಿಯರ್ ಖರ್ಚು ನಂದಂತ, ಐಸಿ ರೇಟಿಗಿಂತ ಮೂರು ಪಟ್ಟು.

ಖರೇ ಎಚ್‌ಸಿಟಿ ಬರೂತನಕ ಕಾಯೂ ತಾಳ್ಮಿ ಇಲ್ಲ, ಹಂಗಾಗಿ ಹಳೇ ಉಪಾಯ: ಐಸಿ ಕಿತ್ತ ಒಗದು, ಮೊದಲನೇ ಎಲ್‌ಇಡಿ ಒಂದಕ್ಕ ಅಷ್ಟ ಡಯೋಡ್ ದಾಟಿಸಿ ಕರೆಂಟ್ ಕೊಡೂದು. 5ರಾಗ 0.7 ಹೋದ್ರ 4.3, ಅದರ ಶೇಕಡಾ 70 ಅಂದ್ರ 3, ಇಎಸ್‌ಪಿಯ 3.3 ಅದಕ್ಕ ಸಾಕು, ಅದು ಮುಂದಿನದಕ್ಕ 4.3ರಾಗ ಡೇಟಾ ದಾಟಸ್ತೈತಿ. ಖಡೇಬಜಾರ್ ಕಡೆ ರೇಡಿಯೋ ರಿಪೇರಿ ಕಾಕಾನ ಹತ್ರ ಹೋಗಿ "ಕಾಕಾ, 1ಎನ್4007 ಒಂದ ಕೊಡ್ರಿ" ಅಂದ್ರ "ಒಂದಕ್ಕ ನಾ ಡಬ್ಬಿ ತೆಗಿಯಂಗಿಲ್ಲೋ, ಹತ್ತು ತಗೋ" ಅಂದ. ಹತ್ತು ತಗೊಂಡೆ, ಮಾರ್ಕಿಂಗ್ ಖರೇ ಇತ್ತು.

ಬೆಸಗಿ ಹಾಕಿ 2012ಕ್ಕ ತಿರುವಿದೆ. 49 ಬಿಳಿ ಮಿಣಕಿದ್ವು, ಬ್ಯಾರೆ ಒಂದೂ ಅಲ್ಲಾಡ್ಲಿಲ್ಲ, ಫೆಬ್ರವರಿಗೆ ನಾಕು ಹೈಸ್ಕೂಲು ಹಳದಿಗೆ ತಿರುಗಿದ್ವು. ಮನಿಯಾಕಿನ್ನ ಕರದು ತೋರಿಸಿದೆ, "ಮೊದಲಿನದ ಚಂದಿತ್ತು, ದೀಪಾವಳಿಯಂಗ" ಅಂದ್ಲು.

ಆ ಮೊದಲನೇ ಎಲ್‌ಇಡಿ ಈಗ ಯಾವ ಸಾಲೀದೂ ಅಲ್ಲ, ನಾಬಿನ ಪಕ್ಕ ಒಂದ ಕುಂತೈತಿ. ಅದಕ್ಕೊಂದು ಕೆಲಸ ಹಚ್ಚೀನಿ: ಇಡೀ ದೇಶದ ಸಿಸ್ಟರ್ಸ್ ಎಷ್ಟಿದ್ರೋ ಅಷ್ಟು ಬ್ರೈಟ್‌ನೆಸ್. 1965ಕ್ಕ ಫುಲ್, ಅಲ್ಲಿಂದ ಇಳಿಯಾಕ ಶುರು. ನಡುವಿನ ವರ್ಷಕ್ಕ ಸದ್ಯ ನೇರ ಗೆರಿ ಎಳದೀನಿ, ಅಂಕಿ ಕೂಡಿಸಿ ತುಂಬಬೇಕು.

ಬಾಕಿ ಕೆಲಸ: ಪೋರ್ಟ್ ರಿಚ್ಮಂಡ್ ಕಿಟಕಿ ಮತ್ತ ಕಟಿಂಗಿಗೆ ಹೋಗಬೇಕು, ನಮ್ಮೂರ ಮಳಿಗೆ ಎಂಡಿಎಫ್ ಉಬ್ಬಿ ಸೇಂಟ್ ಅಡಾಲ್ಬರ್ಟ್ ಎಲ್‌ಇಡಿ ಹೊರಗ ಬಂದೈತಿ, ಈ ಸಲ ಅಕ್ರಿಲಿಕ್ 3 ಮಿಲಿಮೀಟರಿಂದು. ಉದ್ಯಮಬಾಗದಾಗ ಸಣ್ಣ ಪೀಸಿಗೆ ಮಿನಿಮಮ್ ಚಾರ್ಜ್ ಇಲ್ಲದ ಲೇಸರ್ ಕಟಿಂಗ್ ಮಾಡಾವ್ರು ಯಾರರ ಗೊತ್ತಿದ್ರ ತಿಳಿಸ್ರಿ, ಮತ್ತ ಡಯೋಡ್ ಒಂಬತ್ತು ಉಳದಾವ, ಬೇಕಾದಾವ್ರು ಒಯ್ರಿ.